ಲೆಕ್ಕ ಸರಿದೂಗಿಸುವ ಸೀಟಿ

2018ರ ಫೆಬ್ರುವರಿ 17. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಆ್ಯಲನ್ ಫೀಲ್ಡ್‌ಹೌಸ್ ಕ್ರೀಡಾಂಗಣದಲ್ಲಿ ತವರು ತಂಡಕ್ಕೂ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೂ ಬ್ಯಾಸ್ಕೆಟ್‌ಬಾಲ್ ಪಂದ್ಯ. ಕ್ಯಾನ್ಸಸ್ 77–69ರಿಂದ ಗೆದ್ದಿತು. ಆದರೆ ಗೆಲುವಿಗಿಂತ ಹೆಚ್ಚು ಚರ್ಚೆಯಾದದ್ದು ಇನ್ನೊಂದು ಲೆಕ್ಕ. ಎದುರಾಳಿಯ ಫೌಲ್‌ಗಳಿಂದಾಗಿ ಕ್ಯಾನ್ಸಸ್‌ಗೆ ಸಿಕ್ಕಿದ ಫ್ರೀ ಥ್ರೋಗಳು 35. ವೆಸ್ಟ್ ವರ್ಜೀನಿಯಾಕ್ಕೆ ಸಿಕ್ಕಿದ್ದು ಎರಡೇ ಎರಡು. ರೆಫರಿಗಳ ಮೇಲೆ ಹರಿಹಾಯ್ದ ವೆಸ್ಟ್ ವರ್ಜೀನಿಯಾದ ಕೋಚ್ ಬಾಬ್ ಹಗ್ಗಿನ್ಸ್ ಅವರನ್ನು ಪಂದ್ಯ ಮುಗಿಯುವ ಮೊದಲೇ ಅಂಕಣದಿಂದ ಹೊರಗೆ ಕಳಿಸಲಾಯಿತು.

ಮೂವತ್ತೈದು ಎಲ್ಲಿ, ಎರಡು ಎಲ್ಲಿ! ಇಷ್ಟು ಕೇಳಿದ ಯಾರಿಗೇ ಆದರೂ ರೆಫರಿಗಳು ತವರು ತಂಡದ ಕಡೆ ವಾಲಿದರು ಎನ್ನಿಸದೆ ಇರದು. ವೆಸ್ಟ್ ವರ್ಜೀನಿಯಾದ ಆಟ ಬಲ್ಲವರು ಮಾತ್ರ ಸ್ವಲ್ಪ ತಡೆಯುತ್ತಾರೆ. ಎದುರಾಳಿಗೆ ಉಸಿರಾಡಲೂ ಬಿಡದೆ ಅಂಕಣದ ಉದ್ದಕ್ಕೂ ಮೈಮೇಲೆ ಬಿದ್ದು ಆಡುವುದು ಆ ತಂಡದ ಗುರುತು. ಅದರಿಂದಲೇ ‘ಪ್ರೆಸ್ ವರ್ಜೀನಿಯಾ’ ಎಂಬ ಅಡ್ಡಹೆಸರೂ ಬಂದಿತ್ತು. ಹಾಗೆ ಆಡುವವರ ಮೇಲೆ ಫೌಲ್ ಹೆಚ್ಚು ಬೀಳುತ್ತದೆ. ಬುಟ್ಟಿಯ ಹತ್ತಿರ ನುಗ್ಗದೆ ದೂರದಿಂದಲೇ ಚೆಂಡೆಸೆಯುವ ತಂಡಗಳಿಗೆ ಫ್ರೀ ಥ್ರೋ ಸಿಗುವುದೂ ಕಡಿಮೆ. ಒಂದು ಪಂದ್ಯದ ಅಂಕಿಸಂಖ್ಯೆ ಅನುಮಾನ ಹುಟ್ಟಿಸಬಲ್ಲದು, ತೀರ್ಪು ಕೊಡಲಾರದು. ಪಕ್ಷಪಾತ ಇದೆಯೋ ಇಲ್ಲವೋ ಎಂದು ತಿಳಿಯಲು ನೂರಾರು ಪಂದ್ಯಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಹಾಗೆ ನೋಡಿದವರಿಗೆ ಕಂಡದ್ದು ಗ್ಯಾಲರಿಯಲ್ಲಿ ಕೂತವರು ಬೈಯುವಂಥ ಪಕ್ಷಪಾತವಲ್ಲ, ಅದಕ್ಕಿಂತ ವಿಚಿತ್ರವಾದದ್ದು.

ಒಂದು ಸೀಟಿಯ ಬೆಲೆ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲನ್ನು ನಮ್ಮ ಅಂತರ ಕಾಲೇಜು ಟೂರ್ನಿಗಳ ಅಳತೆಯಲ್ಲಿ ಊಹಿಸಿಕೊಳ್ಳುವಂತಿಲ್ಲ. ಎನ್‌ಸಿಎಎ ಸಂಸ್ಥೆಯ ಮೊದಲ ಡಿವಿಷನ್‌ನಲ್ಲೇ 350ಕ್ಕೂ ಹೆಚ್ಚು ತಂಡಗಳಿವೆ. ಅವುಗಳಲ್ಲಿ 68 ತಂಡಗಳು ಪ್ರತಿ ಮಾರ್ಚ್‌ನಲ್ಲಿ ಆಡುವ ನಾಕೌಟ್ ಟೂರ್ನಿಗೆ ದೇಶವೇ ಟಿವಿ ಮುಂದೆ ಕೂರುತ್ತದೆ. 2018ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಕ್ರೀಡಾ ಬೆಟ್ಟಿಂಗ್‌ಗೆ ಅನುಮತಿ ಕೊಡುವ ಅಧಿಕಾರ ರಾಜ್ಯಗಳ ಕೈಗೆ ಬಂತು. ಅಂದಿನಿಂದ ರೆಫರಿಯ ಸೀಟಿಗೆ ಅಭಿಮಾನಿಗಳ ಜೊತೆ ಹಣ ಕಟ್ಟಿದವರೂ ಕಿವಿಗೊಡುತ್ತಿದ್ದಾರೆ.

ಈ ಆಟದಲ್ಲಿ ಸೀಟಿ ಅಗ್ಗದ್ದಲ್ಲ. ಐದು ಫೌಲ್ ಆದ ಆಟಗಾರ ಪಂದ್ಯದಿಂದಲೇ ಹೊರಗೆ. ಮೂರನೆಯದೋ ನಾಲ್ಕನೆಯದೋ ಬಿದ್ದಾಗಲೇ ಕೋಚ್ ಅವನನ್ನು ಬೆಂಚಿಗೆ ಕರೆಸಿಕೊಳ್ಳುತ್ತಾರೆ. ಪುರುಷರ ಪಂದ್ಯದ ಒಂದು ಅರ್ಧದಲ್ಲಿ ತಂಡದ ಏಳನೇ ಫೌಲ್ ಆದ ಮೇಲೆ ಸಣ್ಣ ತಾಗುವಿಕೆಗೂ ಎದುರಾಳಿಗೆ ಫ್ರೀ ಥ್ರೋ ದಕ್ಕಬಹುದು. ಇನ್ನು ಎಲ್ಲಕ್ಕಿಂತ ಕಷ್ಟದ್ದು ‘ಬ್ಲಾಕ್’ ಮತ್ತು ‘ಚಾರ್ಜ್’ ನಡುವಿನ ಆಯ್ಕೆ. ಚೆಂಡು ಹಿಡಿದು ನುಗ್ಗುವವನೂ ತಡೆಯುವವನೂ ಡಿಕ್ಕಿಯಾದಾಗ ತಪ್ಪು ಯಾರದ್ದು? ತಡೆಯುವವನು ಸರಿಯಾದ ಹೊತ್ತಿಗೆ ಜಾಗ ಹಿಡಿದಿದ್ದನೆ? ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನವಾಗಬೇಕು. 2013–14ರಲ್ಲಿ ಒಮ್ಮೆ, 2023–24ರಲ್ಲಿ ಇನ್ನೊಮ್ಮೆ ಈ ನಿಯಮದ ಪದಗಳನ್ನು ತಿದ್ದಿದರು. ಜಗಳ ಮಾತ್ರ ನಿಂತಿಲ್ಲ.

ಜೇಮ್ಸ್ ನೈಸ್ಮಿತ್ 1891ರಲ್ಲಿ ಈ ಆಟವನ್ನು ಹುಟ್ಟುಹಾಕಿದಾಗ ಬರೆದ 13 ನಿಯಮಗಳಲ್ಲೇ ಇಬ್ಬರು ತೀರ್ಪುಗಾರರಿದ್ದರು: ಆಟಗಾರರ ಮೇಲೆ ಕಣ್ಣಿಡಲು ಒಬ್ಬ, ಚೆಂಡಿನ ಮೇಲೆ ಕಣ್ಣಿಡಲು ಇನ್ನೊಬ್ಬ. ಆಟಗಾರರನ್ನು ಕಾಯುವುದೇ ಒಂದು ಪೂರ್ತಿ ಕೆಲಸ ಎಂದು ಅವರಿಗೆ ಆಗಲೇ ಗೊತ್ತಿತ್ತು. ಆ ನಿಯಮಗಳ ಮೂಲಪ್ರತಿ 2010ರಲ್ಲಿ 43 ಲಕ್ಷ ಡಾಲರ್‌ಗೆ ಹರಾಜಾಯಿತು. ಈಗ ಅದು ಇರುವುದು ಆ್ಯಲನ್ ಫೀಲ್ಡ್‌ಹೌಸ್‌ಗೆ ಅಂಟಿಕೊಂಡ ಕಟ್ಟಡದಲ್ಲೇ.

365 ಪಂದ್ಯಗಳಲ್ಲಿ ಕಂಡದ್ದು

ಕೈಲ್ ಆ್ಯಂಡರ್ಸನ್ ಮತ್ತು ಡೇವಿಡ್ ಪಿಯರ್ಸ್ ಎಂಬ ಸಂಶೋಧಕರು 2004–05ರ ಸಾಲಿನ 365 ಕಾಲೇಜು ಪಂದ್ಯಗಳ ಫೌಲ್‌ಗಳನ್ನು ಒಂದೊಂದಾಗಿ ಪರಿಶೀಲಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಿಗೆ ಕಂಡದ್ದು ಮೂರು ಸಂಗತಿ. ಒಂದು, ಹೊರಗಿನಿಂದ ಬಂದ ತಂಡದ ಮೇಲೆ ಫೌಲ್ ಹೆಚ್ಚು. ಎರಡು, ಮುನ್ನಡೆಯಲ್ಲಿರುವ ತಂಡದ ಮೇಲೆ ಹೆಚ್ಚು. ಮೂರು, ಅಲ್ಲಿಯವರೆಗೆ ಯಾವ ತಂಡದ ಫೌಲ್ ಕಡಿಮೆ ಇದೆಯೋ ಮುಂದಿನ ಸೀಟಿ ಅದರ ಮೇಲೆಯೇ ಬೀಳುವ ಸಂಭವ ಹೆಚ್ಚು. ಎರಡು ತಂಡಗಳ ಫೌಲ್‌ಗಳ ಅಂತರ ಹಿಗ್ಗಿದಷ್ಟೂ ಆ ಸಂಭವವೂ ಹಿಗ್ಗುತ್ತದೆ. ಈ ಮೂರೂ ಒಟ್ಟಿಗೆ ಕೂಡಿಕೊಂಡಾಗ ಮುಂದಿನ ಫೌಲ್ ಹೊರಗಿನ ತಂಡದ ಪಾಲಾಗುವ ಸಂಭವ ಶೇ 70ರವರೆಗೂ ಏರಬಹುದು.

ಮೊದಲನೆಯ ಸಂಗತಿ ಎಲ್ಲರೂ ನಿರೀಕ್ಷಿಸಿದ್ದೇ. ಕುತೂಹಲ ಇರುವುದು ಮೂರನೆಯದರಲ್ಲಿ. ಒಂದು ತಂಡಕ್ಕೆ ಏಳು, ಇನ್ನೊಂದಕ್ಕೆ ಎರಡು ಎಂದು ಫಲಕದ ಮೇಲೆ ಫೌಲ್ ಲೆಕ್ಕ ಕಾಣುತ್ತಿರುತ್ತದೆ. ಕೋಚ್ ಅದನ್ನೇ ತೋರಿಸಿ ಕೂಗುತ್ತಾರೆ, ಗ್ಯಾಲರಿ ದನಿಗೂಡಿಸುತ್ತದೆ. ರೆಫರಿ ಯಾರ ಪರವೂ ಅಲ್ಲ. ಆದರೆ ಹಾಗೆಂದು ಎಲ್ಲರಿಗೂ ಕಾಣಬೇಕಲ್ಲ! ಸರಿ, ಎರಡು ಇರುವ ಕಡೆ ಅರೆಬರೆ ತಾಗುವಿಕೆಯೂ ಫೌಲ್ ಆಗುತ್ತದೆ, ಏಳು ಇರುವ ಕಡೆ ಅಷ್ಟೇ ತಾಗುವಿಕೆ ಕಣ್ಣಿಗೆ ಬೀಳದೆ ಹೋಗುತ್ತದೆ. ದಿನಸಿ ಅಂಗಡಿಯವನು ತಕ್ಕಡಿಯ ಎರಡು ತಟ್ಟೆಗಳನ್ನು ಮಟ್ಟಕ್ಕೆ ತರಬೇಕು, ಅದು ಅವನ ವ್ಯಾಪಾರ. ರೆಫರಿಗೆ ಆ ಕೆಲಸ ಯಾರೂ ಒಪ್ಪಿಸಿಲ್ಲ.

ಇದರ ಲಾಭ ಯಾರಿಗೆ? ಕೈ ಎಳೆದು, ಸೊಂಟಕ್ಕೆ ಒತ್ತಿ, ಮೊಣಕೈ ಬಿಟ್ಟು ಆಡುವ ತಂಡಕ್ಕೆ. ನಿಯಮದ ಒಳಗೆ ಆಡಿದವರ ಲೆಕ್ಕದಲ್ಲೂ ಕೊನೆಗೆ ಅಷ್ಟೇ ಫೌಲ್ ಕೂರುವುದಾದರೆ ಒರಟಾಗಿ ಆಡಿದವರಿಗೆ ನಷ್ಟವೇನು? ಆ್ಯಂಡರ್ಸನ್ ಮತ್ತು ಪಿಯರ್ಸ್ ತೋರಿಸಿದ ಅಪಾಯವೂ ಇದೇ. ಇಂಥ ಸೀಟಿಯಡಿ ಒರಟುತನಕ್ಕೆ ಪ್ರೋತ್ಸಾಹ ಸಿಗುತ್ತದೆ, ವರ್ಷದಿಂದ ವರ್ಷಕ್ಕೆ ಆಟ ಒರಟಾಗುತ್ತ ಹೋಗುತ್ತದೆ. ಇಬ್ಬರಿಗೂ ಸಮನಾಗಿ ಹಂಚುವ ಒಳ್ಳೆಯ ಮನಸ್ಸೇ ಇಲ್ಲಿ ಪಕ್ಷಪಾತವಾಗಿ ಬದಲಾಗುತ್ತದೆ. ಗ್ಯಾಲರಿಯಿಂದ ಅದು ಕಾಣುವುದೂ ಇಲ್ಲ. ಪಂದ್ಯದ ಕೊನೆಗೆ ಫೌಲ್‌ಗಳು 18–17 ಎಂದಿದ್ದರೆ ನಾವೆಲ್ಲ ‘ರೆಫರಿ ಚೆನ್ನಾಗಿ ನಡೆಸಿದರು’ ಎಂದು ಎದ್ದು ಹೋಗುತ್ತೇವೆ.

ಕಿವಿಗೆ ಬಿದ್ದದ್ದು ಕಣ್ಣಿಗೂ

ತವರು ತಂಡದತ್ತ ವಾಲುವುದಕ್ಕೆ ದೊಡ್ಡ ಕಾರಣ ಗದ್ದಲ. 2017ರ ಫೆಬ್ರುವರಿ 13ರಂದು ಇದೇ ಆ್ಯಲನ್ ಫೀಲ್ಡ್‌ಹೌಸ್‌ನಲ್ಲಿ ಪ್ರೇಕ್ಷಕರ ಕೂಗು 130.4 ಡೆಸಿಬಲ್ ಮುಟ್ಟಿ ದಾಖಲೆಯಾಯಿತು. 16 ಸಾವಿರ ಜನ ಅಂಕಣದ ಅಂಚಿಗೇ ಒತ್ತಿಕೊಂಡು ಕೂರುವ ಒಳಾಂಗಣ ಅದು. ಅಲ್ಲಿ ನಿಂತ ರೆಫರಿಗೆ ಒಂದು ಡಿಕ್ಕಿ ಕಣ್ಣಿಗೆ ಎಷ್ಟು ಕಂಡಿತು, ಕಿವಿಗೆ ಎಷ್ಟು ಕೇಳಿಸಿತು ಎಂದು ಬೇರೆ ಮಾಡಲಾದೀತೆ?

ಇದನ್ನು ಬೇರೆ ಮಾಡಿ ನೋಡಿದ ಪ್ರಯೋಗ ಫುಟ್‌ಬಾಲ್‌ನಿಂದ ಬಂತು. ಇಂಗ್ಲೆಂಡಿನಲ್ಲಿ ಅಲನ್ ನೆವಿಲ್ ಮತ್ತು ಸಂಗಡಿಗರು 40 ಅರ್ಹ ರೆಫರಿಗಳಿಗೆ ಪ್ರೀಮಿಯರ್ ಲೀಗ್ ಪಂದ್ಯವೊಂದರ 47 ಘಟನೆಗಳ ವಿಡಿಯೊ ತೋರಿಸಿದರು. ಕೆಲವರಿಗೆ ಪ್ರೇಕ್ಷಕರ ಗದ್ದಲದ ಸಮೇತ, ಉಳಿದವರಿಗೆ ಸದ್ದಿಲ್ಲದೆ. ಗದ್ದಲ ಕೇಳಿಸಿಕೊಂಡವರು ತವರು ತಂಡದ ಮೇಲೆ ಶೇ 15.5ರಷ್ಟು ಕಡಿಮೆ ಫೌಲ್ ಕೊಟ್ಟರು, ತೀರ್ಮಾನಕ್ಕೆ ಬರಲು ಹೆಚ್ಚು ತಡಬಡಿಸಿದರು. ಕೋವಿಡ್ ಕಾಲದಲ್ಲಿ ಇಡೀ ಯುರೋಪೇ ಪ್ರಯೋಗಶಾಲೆಯಾಯಿತು. ಖಾಲಿ ಕ್ರೀಡಾಂಗಣಗಳಲ್ಲಿ ಫುಟ್‌ಬಾಲ್ ನಡೆದಾಗ ಹೊರಗಿನ ತಂಡಗಳಿಗೆ ಸಿಗುತ್ತಿದ್ದ ಹಳದಿ ಕಾರ್ಡ್‌ಗಳು ಕಡಿಮೆಯಾದವು.

ಹಾಗೆಂದು ತವರಿನ ಗೆಲುವೆಲ್ಲವನ್ನೂ ರೆಫರಿಯ ತಲೆಗೆ ಕಟ್ಟುವುದೂ ತಪ್ಪು. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ಸಾಲಿನ ಆರಂಭದಲ್ಲಿ ಸಣ್ಣ ಕಾಲೇಜುಗಳಿಗೆ ಹಣ ಕೊಟ್ಟು ತಮ್ಮ ಊರಿಗೆ ಕರೆಸಿಕೊಳ್ಳುತ್ತವೆ. ಅಲ್ಲಿ ಗೆಲ್ಲುವುದು ಮೊದಲೇ ಬಲಿಷ್ಠವಾಗಿದ್ದ ತಂಡ. ಪ್ರಯಾಣದ ದಣಿವು, ಒಗ್ಗದ ಅಂಕಣ ಇವೂ ಸೇರಿಕೊಳ್ಳುತ್ತವೆ. ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ತವರು ಗೆಲುವಿನ ಪ್ರಮಾಣ ನೋಡಿ ಹೌಹಾರುವ ಮೊದಲು ಇಷ್ಟನ್ನು ಕಳೆದು ನೋಡಬೇಕು.

ಸೀಟಿಯ ಹಿಂದಿನ ಸಂಬಳ

ರೆಫರಿಗಳು ಯಾರ ನೌಕರರು? ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಅವರು ಪಂದ್ಯಕ್ಕಿಷ್ಟು ಎಂದು ಹಣ ಪಡೆಯುವ ಗುತ್ತಿಗೆದಾರರು. ‘ಕಾನ್ಫರೆನ್ಸ್’ ಎನ್ನುವ ಪ್ರಾದೇಶಿಕ ಕೂಟಗಳ ಸಂಯೋಜಕರು ಅವರನ್ನು ನೇಮಿಸುತ್ತಾರೆ. ಎರಡು ಬೇರೆ ಕೂಟಗಳ ತಂಡಗಳು ಆಡುವಾಗ ಸಾಮಾನ್ಯವಾಗಿ ತವರು ತಂಡದ ಕೂಟವೇ ರೆಫರಿಗಳನ್ನು ಕಳಿಸುತ್ತದೆ. ಮುಂದಿನ ವಾರದ ಪಂದ್ಯ ಸಿಗುತ್ತದೋ ಇಲ್ಲವೋ ಎನ್ನುವುದು ಆ ಸಂಯೋಜಕರ ಕೈಯಲ್ಲಿ.

ಇದು ಎಷ್ಟು ನಾಜೂಕಿನ ವ್ಯವಸ್ಥೆ ಎಂದು 2013ರಲ್ಲಿ ಬಯಲಾಯಿತು. ಪ್ಯಾಕ್–12 ಕೂಟದ ಸೆಮಿಫೈನಲ್‌ನಲ್ಲಿ ಅರಿಜೋನಾದ ಕೋಚ್ ಶಾನ್ ಮಿಲ್ಲರ್ ಅವರಿಗೆ ‘ಟೆಕ್ನಿಕಲ್ ಫೌಲ್’ ಬಿತ್ತು. ವಾದ ಮಾಡಿದ್ದಕ್ಕೆ ಶಿಕ್ಷೆಯಾಗಿ ಎದುರಾಳಿಗೆ ಎರಡು ಫ್ರೀ ಥ್ರೋ. ಯುಸಿಎಲ್‌ಎ 66–64ರಿಂದ, ಅಂದರೆ ಎರಡೇ ಅಂಕಗಳಿಂದ ಗೆದ್ದಿತು. ಆಮೇಲೆ ಸುದ್ದಿ ಹೊರಬಿತ್ತು: ರೆಫರಿಗಳ ಮುಖ್ಯಸ್ಥ ಎಡ್ ರಶ್, ಮಿಲ್ಲರ್‌ಗೆ ಬಿಸಿ ಮುಟ್ಟಿಸಿದವರಿಗೆ 5,000 ಡಾಲರ್ ಅಥವಾ ಕ್ಯಾನ್‌ಕೂನ್ ಪ್ರವಾಸ ಎಂದು ರೆಫರಿಗಳ ಸಭೆಯಲ್ಲಿ ಹೇಳಿದ್ದರು. ಅದು ತಮಾಷೆಯಷ್ಟೇ ಎಂದು ಕೂಟ ಸಮರ್ಥಿಸಿಕೊಂಡಿತು. ಆದರೆ ಕೆಲಸ ಕೊಡುವವನ ತಮಾಷೆಯನ್ನು ಕೆಲಸ ಮಾಡುವವನು ಬರೀ ತಮಾಷೆ ಎಂದು ನಕ್ಕು ಬಿಡುತ್ತಾನೆಯೇ? ಏಪ್ರಿಲ್‌ನಲ್ಲಿ ರಶ್ ರಾಜೀನಾಮೆ ಕೊಟ್ಟರು.

ಇನ್ನೊಂದು ಕಡೆಯ ಒತ್ತಡವೂ ಸಣ್ಣದಲ್ಲ. 2017ರ ಮಾರ್ಚ್‌ನಲ್ಲಿ ಕೆಂಟಕಿ ತಂಡ ನಾರ್ತ್ ಕ್ಯಾರೊಲಿನಾಕ್ಕೆ 75–73ರಿಂದ ಸೋತಾಗ ಅಭಿಮಾನಿಗಳು ರೆಫರಿ ಜಾನ್ ಹಿಗ್ಗಿನ್ಸ್ ಅವರ ಹಿಂದೆ ಬಿದ್ದರು. ನೆಬ್ರಾಸ್ಕಾದಲ್ಲಿ ಅವರು ನಡೆಸುತ್ತಿದ್ದ ಚಾವಣಿ ರಿಪೇರಿ ಉದ್ಯಮಕ್ಕೆ ಕರೆಗಳ ಸುರಿಮಳೆ, ಬೆದರಿಕೆ, ಕೆಲಸವನ್ನೇ ಮಾಡಿಸಿಕೊಳ್ಳದವರಿಂದ ಇಂಟರ್‌ನೆಟ್‌ನಲ್ಲಿ ಕೆಟ್ಟ ರೇಟಿಂಗ್. ಸಿಟ್ಟಿಗೆ ಗಾಳಿ ಹಾಕಿತೆಂದು ಕ್ರೀಡಾ ಮಾಧ್ಯಮ ಸಂಸ್ಥೆಯೊಂದರ ಮೇಲೆ ಅವರು ಮೊಕದ್ದಮೆ ಹೂಡಿದರು. ವಾಕ್ ಸ್ವಾತಂತ್ರ್ಯದ ನೆಲೆಯಲ್ಲಿ 2019ರಲ್ಲಿ ಅದು ವಜಾ ಆಯಿತು, ಮೇಲ್ಮನವಿಯೂ ನಿಲ್ಲಲಿಲ್ಲ. ಒಂದು ಸೀಟಿ ಮನೆಯ ಬಾಗಿಲವರೆಗೂ ಬರುತ್ತದೆ ಎಂದು ತಿಳಿದ ಮೇಲೆ ಎರಡೂ ಕಡೆ ಸಮನಾಗಿ ಹಂಚಿ ಬಚಾವಾಗುವ ಆಸೆ ಇನ್ನೂ ಬಲವಾಗದೆ ಇದ್ದೀತೆ?

ಗೊತ್ತಾದರೆ ಸಾಕೆ?

ಮದ್ದಿಲ್ಲದ ರೋಗವೇನಲ್ಲ ಇದು. ಕ್ರಿಕೆಟ್ ಈ ದಾರಿಯಲ್ಲಿ ಮುಂದೆ ಸಾಗಿದೆ. ಟೆಸ್ಟ್ ಪಂದ್ಯಗಳಿಗೆ 1994ರಿಂದ ಒಬ್ಬ, 2002ರಿಂದ ಇಬ್ಬರೂ ತಟಸ್ಥ ದೇಶದ ಅಂಪೈರ್‌ಗಳು ಬಂದರು. 1986ರಿಂದ 2012ರವರೆಗಿನ ಟೆಸ್ಟ್‌ಗಳ ಎಲ್‌ಬಿಡಬ್ಲ್ಯು ತೀರ್ಪುಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಿಗೆ, ತವರು ಅಂಪೈರ್‌ಗಳಿದ್ದಾಗ ಆತಿಥೇಯರಿಗೆ ಸಿಗುತ್ತಿದ್ದ ಅನುಕೂಲ ತಟಸ್ಥ ಅಂಪೈರ್‌ಗಳು ಬಂದ ಮೇಲೆ ಕರಗಿದ್ದು ಕಂಡಿತು.

ವೃತ್ತಿಪರ ಲೀಗ್ ಎನ್‌ಬಿಎಯ ಪಾಠ ಇನ್ನೂ ಅಚ್ಚರಿಯದು. ರೆಫರಿ ಒಂದು ವರ್ಣದವನಾಗಿ ಆಟಗಾರ ಇನ್ನೊಂದು ವರ್ಣದವನಾದರೆ ಫೌಲ್ ಸ್ವಲ್ಪ ಹೆಚ್ಚು ಬೀಳುತ್ತದೆ ಎಂದು ಜೋಸೆಫ್ ಪ್ರೈಸ್ ಮತ್ತು ಜಸ್ಟಿನ್ ವೋಲ್ಫರ್ಸ್ ನಡೆಸಿದ ಅಧ್ಯಯನ 2007ರಲ್ಲಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ಲೀಗ್ ಅದನ್ನು ಒಪ್ಪಲಿಲ್ಲ. ರೆಫರಿಗಳ ತರಬೇತಿಯನ್ನೂ ಬದಲಿಸಲಿಲ್ಲ. ಆದರೂ ಮುಂದಿನ ವರ್ಷಗಳ ಪಂದ್ಯಗಳನ್ನು ಅದೇ ಸಂಶೋಧಕರು ಮತ್ತೆ ನೋಡಿದಾಗ ಆ ವಾಲುವಿಕೆ ಮಾಯವಾಗಿತ್ತು. ಊರಿಗೆಲ್ಲ ಗೊತ್ತಾದದ್ದೇ ಮದ್ದಾಗಿತ್ತು. 2015ರಿಂದ ಎನ್‌ಬಿಎ ಜಿದ್ದಾಜಿದ್ದಿ ಪಂದ್ಯಗಳ ಕೊನೆಯ ಎರಡು ನಿಮಿಷದ ಪ್ರತಿ ತೀರ್ಪೂ ಸರಿಯೋ ತಪ್ಪೋ ಎಂದು ತಾನೇ ವರದಿ ಹೊರಡಿಸುತ್ತಿದೆ.

ಕಾಲೇಜು ಬ್ಯಾಸ್ಕೆಟ್‌ಬಾಲ್ ಇಲ್ಲಿ ಹಿಂದೆ ಬಿದ್ದಿದೆ. ಪುರುಷರ ಪಂದ್ಯಗಳಲ್ಲಿ 2025–26ರಿಂದ ಕೋಚ್‌ಗಳಿಗೆ ತೀರ್ಪು ಪ್ರಶ್ನಿಸುವ ಅವಕಾಶ ಸಿಕ್ಕಿದೆ ನಿಜ. ಆದರೆ ಅದು ಚೆಂಡು ಗೆರೆ ದಾಟಿದಾಗ ಕೊನೆಗೆ ಮುಟ್ಟಿದ್ದು ಯಾರು ಎಂಬಂಥ, ವಿಡಿಯೊ ನೋಡಿ ಹೇಳಬಹುದಾದ ಪ್ರಶ್ನೆಗಳಿಗೆ. ತಾಗಿದ್ದು ಫೌಲ್ ಹೌದೋ ಅಲ್ಲವೋ ಎಂಬ ಅಂದಾಜಿನ ತೀರ್ಮಾನ ಬಹುಪಾಲು ಅದರ ಹೊರಗೇ ಉಳಿದಿದೆ. ವಾಲುವಿಕೆ ಮನೆಮಾಡಿರುವುದೂ ಅಲ್ಲೇ.

ಆದ್ದರಿಂದ ಮೊದಲು ಆಗಬೇಕಾದದ್ದು ಎರಡು. ಬೇರೆ ಬೇರೆ ಕೂಟಗಳ ತಂಡಗಳು ಆಡುವಾಗ ತವರು ಕೂಟ ರೆಫರಿಗಳನ್ನು ಕಳಿಸುವ ಪದ್ಧತಿ ನಿಲ್ಲಲಿ. ಪ್ರತಿ ಪಂದ್ಯದ ತೀರ್ಪುಗಳ ಮೌಲ್ಯಮಾಪನ ಸಂಯೋಜಕರ ಮೇಜಿನಲ್ಲೇ ಉಳಿಯದೆ ಪ್ರಕಟವಾಗಲಿ. ಆಗ ರೆಫರಿಯನ್ನು ಅಳೆಯುವುದು ಫಲಕದ ಮೇಲಿನ ಫೌಲ್ ಲೆಕ್ಕದಿಂದಲ್ಲ, ಊದಿದ ಮತ್ತು ಊದದೆ ಬಿಟ್ಟ ಒಂದೊಂದು ಸೀಟಿಯಿಂದ. ಒಂದು ಕಡೆ ಹದಿನೆಂಟು, ಇನ್ನೊಂದು ಕಡೆ ಆರು ಫೌಲ್ ಕೊಡಬೇಕಾದ ಪಂದ್ಯದಲ್ಲಿ ಹಾಗೆಯೇ ಕೊಟ್ಟು ನಿಲ್ಲುವ ಧೈರ್ಯ ರೆಫರಿಗೆ ಬರುವುದು ಅಂಥ ದಾಖಲೆ ಅವನ ಬೆನ್ನಿಗಿದ್ದಾಗ.