ಸೈಕಲ್ ತಂತಿಯ ಸಿಂಫನಿ

ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದಿಂದ ಇಳಿಸಿದ ಸಾಮಾನುಗಳ ನಡುವೆ ನನ್ನ ಪಿಟೀಲಿನ ಪೆಟ್ಟಿಗೆಯೂ ಇತ್ತು. ಮೂವತ್ತೈದು ವರ್ಷಗಳಿಂದ ಯಾರೂ ತೆರೆಯದ ಪೆಟ್ಟಿಗೆ. ಕೊಂಡಿ ತುಕ್ಕು ಹಿಡಿದಿತ್ತು, ಕಮಾನಿನ ಕೂದಲು ಉದುರಿತ್ತು. ಪಿಟೀಲಿಗೆ ಮಾತ್ರ ಏನೂ ಆಗಿರಲಿಲ್ಲ, ಪಂಚಮದ ತಂತಿಯೊಂದು ಇಲ್ಲದಿರುವುದನ್ನು ಬಿಟ್ಟರೆ. ಆ ತಂತಿ ತುಂಡಾದದ್ದು ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ. ಪರೀಕ್ಷೆ ಮುಗಿದ ಮೇಲೆ ಹೊಸದು ತರೋಣ ಎಂದು ಅಪ್ಪ ಹೇಳಿದ್ದರು. ಪರೀಕ್ಷೆಗಳು ಒಂದರ ಹಿಂದೊಂದು ಬಂದವು, ತಂತಿ ಬರಲಿಲ್ಲ. ನಾನೂ ಕೇಳಲಿಲ್ಲ. ಆರು ವರ್ಷ ಕಲಿತು, ವರ್ಣಗಳನ್ನು ದಾಟಿ ಕೃತಿಗಳವರೆಗೆ ಬಂದಿದ್ದವಳು ನಾನು. ‘ಕಚೇರಿ ಕೊಡುವ ಮಟ್ಟಕ್ಕೆ ಬರುವುದು ಕಷ್ಟ’ ಎಂದು ಮೇಷ್ಟ್ರು ಅಪ್ಪನಿಗೆ ಹೇಳಿದ್ದನ್ನು ಬಾಗಿಲ ಮರೆಯಲ್ಲಿ ಕೇಳಿಸಿಕೊಂಡಿದ್ದೆ. ಕಚೇರಿ ಕೊಡಲಾಗದವಳು ನುಡಿಸುವುದಾದರೂ ಏಕೆ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಆ ಪ್ರಶ್ನೆ ಮತ್ತೆ ಎದ್ದು ನಿಂತದ್ದು ಇತ್ತೀಚೆಗೆ, ಗೆಳತಿಯ ಒತ್ತಾಯಕ್ಕೆ ‘ಕಿನ್ಶಾಸಾ ಸಿಂಫನಿ’ ಎಂಬ ಜರ್ಮನ್ ಸಾಕ್ಷ್ಯಚಿತ್ರವನ್ನು ನೋಡಿದಾಗ. 2010ರ ಬರ್ಲಿನ್ ಚಿತ್ರೋತ್ಸವದಲ್ಲಿ ತೆರೆಕಂಡ ಚಿತ್ರ ಅದು. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ರಾಜಧಾನಿ ಕಿನ್ಶಾಸಾ, ಒಂದು ಕೋಟಿಗೂ ಹೆಚ್ಚು ಜನರಿರುವ ನಗರ. ಅಲ್ಲಿನ ಹವ್ಯಾಸಿಗಳೇ ಕಟ್ಟಿದ ಸಿಂಫನಿ ವಾದ್ಯವೃಂದದ ಕಥೆಯನ್ನು ಈ ಚಿತ್ರ ಹೇಳುತ್ತದೆ.

ಅದನ್ನು 1994ರಲ್ಲಿ ಆರಂಭಿಸಿದವರು ಅರ್ಮಾಂಡ್ ಡಿಯಾಂಗಿಯೆಂಡಾ. ವೃತ್ತಿಯಿಂದ ವಿಮಾನ ಚಾಲಕರು; ಆ ಕೆಲಸ ಹೋದ ಮೇಲೆ ಸಂಗೀತದ ಕಡೆ ತಿರುಗಿದವರು. ಯಾವ ಸಂಗೀತ ಶಾಲೆಯ ಪದವಿಯೂ ಅವರಿಗಿರಲಿಲ್ಲ. ಹಲವು ವಾದ್ಯಗಳನ್ನು ತಾವೇ ಕಲಿತರು, ಕಲಿತದ್ದನ್ನು ಕಲಿಸಿದರು. ಮೊದಲ ದಿನಗಳಲ್ಲಿ ಹನ್ನೆರಡು ಮಂದಿ ಸೇರಿದರು. ಇದ್ದ ಪಿಟೀಲುಗಳು ಐದು. ಒಬ್ಬರು ಸ್ವಲ್ಪ ಹೊತ್ತು ನುಡಿಸಿ ಪಕ್ಕದವರಿಗೆ ದಾಟಿಸಬೇಕು. ತಂತಿ ತುಂಡಾದರೆ ಕೊಳ್ಳಲು ಅಂಗಡಿಯಿರಲಿಲ್ಲ. ಅವರು ಸೈಕಲ್ಲಿನ ಬ್ರೇಕ್ ತಂತಿಯನ್ನು ಬಿಚ್ಚಿ ಪಿಟೀಲಿಗೆ ಕಟ್ಟಿಕೊಂಡರು.

ಈ ವಿವರ ತಿಳಿದಾಗ ನನಗೆ ನಾಚಿಕೆಯಾಯಿತು. ನಮ್ಮ ಮನೆಯಿಂದ ವಾದ್ಯದ ಅಂಗಡಿಗೆ ನೇರ ಬಸ್ಸಿತ್ತು.

ಚಿತ್ರದಲ್ಲಿ ಕಾಣುವ ವಾದಕರು ಹಗಲೆಲ್ಲ ಬೇರೆ ಕೆಲಸ ಮಾಡುವವರು. ಒಬ್ಬಾಕೆ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುತ್ತಾಳೆ. ಒಬ್ಬಾತ ಕ್ಷೌರಿಕ, ವಿದ್ಯುತ್ ಕೆಲಸವನ್ನೂ ಬಲ್ಲವ. ಅಭ್ಯಾಸದ ನಡುವೆ ದೀಪ ಆರಿಹೋದರೆ ವಾದ್ಯ ಕೆಳಗಿಟ್ಟು ತಂತಿ ಸರಿಪಡಿಸಲು ಅವನೇ ಏಳಬೇಕು. ಮತ್ತೊಬ್ಬರು ಇದ್ದ ವಾದ್ಯವನ್ನು ಮಾದರಿಯಾಗಿಟ್ಟುಕೊಂಡು ಆಳೆತ್ತರದ ಡಬಲ್ ಬಾಸ್‌ಗಳನ್ನು ತಾವೇ ಮರದಲ್ಲಿ ಮಾಡುತ್ತಾರೆ. ಸಂಜೆಯಾದರೆ ಎಲ್ಲರೂ ಧೂಳಿನ ರಸ್ತೆಗಳಲ್ಲಿ ದೂರದೂರದಿಂದ ನಡೆದು ಬರುತ್ತಾರೆ. 1996ರಿಂದ 2003ರವರೆಗೆ ಎರಡು ಯುದ್ಧಗಳು ಆ ದೇಶವನ್ನು ಜರ್ಜರಿತಗೊಳಿಸಿದವು. ವಾದ್ಯವೃಂದ ಉಳಿಯಿತು, ಬೆಳೆಯಿತು.

ಅವರು ಕೈಗೆತ್ತಿಕೊಂಡದ್ದು ಸಾಮಾನ್ಯ ಕೃತಿಯನ್ನಲ್ಲ, ಬೀಥೋವನ್ನನ ಒಂಬತ್ತನೆಯ ಸಿಂಫನಿಯನ್ನು. ಅದರ ಕೊನೆಯ ಭಾಗದ ವೃಂದಗಾನಕ್ಕಾಗಿ ಗಾಯಕರು ಪರಿಚಯವಿಲ್ಲದ ಜರ್ಮನ್ ಪದಗಳನ್ನು ಉಚ್ಚರಿಸಲು ಒದ್ದಾಡುವ ದೃಶ್ಯವನ್ನು ನೋಡಿದರೆ ನಗುವೂ ಬರುತ್ತದೆ, ಗೌರವವೂ ಮೂಡುತ್ತದೆ. ಇಷ್ಟು ದೊಡ್ಡ ಕೃತಿಗೆ ಹವ್ಯಾಸಿಗಳು ಕೈಹಾಕುವುದು ಉದ್ಧಟತನವಲ್ಲವೇ ಎಂದು ಕೇಳಬಹುದು. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1824ರ ಮೇ 7ರಂದು ವಿಯೆನ್ನಾದಲ್ಲಿ ಈ ಸಿಂಫನಿ ಮೊದಲ ಬಾರಿಗೆ ನುಡಿದಾಗ ರಂಗಮಂದಿರದ ವೃತ್ತಿನಿರತ ವಾದಕರು ಸಾಲದೆ ನಗರದ ಹವ್ಯಾಸಿಗಳನ್ನೂ ಸೇರಿಸಿಕೊಳ್ಳಲಾಗಿತ್ತು. ಜಗತ್ತು ತಲೆಬಾಗುವ ಈ ಕೃತಿ ಹುಟ್ಟಿದ್ದೇ ಹವ್ಯಾಸಿಗಳ ನೆರವಿನಿಂದ.

ಇದಕ್ಕಿಂತ ಗಂಭೀರವಾದ ಇನ್ನೊಂದು ಆಕ್ಷೇಪವಿದೆ. ಬೆಲ್ಜಿಯಮ್ಮಿನ ಕ್ರೂರ ಆಳ್ವಿಕೆಯನ್ನು ಅನುಭವಿಸಿದ ಜನ ಯೂರೋಪಿನ ಸಂಗೀತವನ್ನು ಏಕೆ ನುಡಿಸಬೇಕು? ಈ ಪ್ರಶ್ನೆ ಡಿಯಾಂಗಿಯೆಂಡಾ ಅವರ ಮನೆತನಕ್ಕೇ ತಾಕುವಂಥದು. ಅವರ ತಾತ ಸಿಮೋನ್ ಕಿಂಬಾಂಗು 1921ರಲ್ಲಿ ಕೆಲವೇ ತಿಂಗಳ ಕಾಲ ಧರ್ಮಬೋಧೆ ಮಾಡಿದರು. ಅವರ ಹಿಂದೆ ಜನ ಸೇರಿದ್ದನ್ನು ಕಂಡು ಹೆದರಿದ ವಸಾಹತು ಸರ್ಕಾರ ಮರಣದಂಡನೆ ವಿಧಿಸಿತು; ಅನಂತರ ಅದನ್ನು ಜೀವಾವಧಿಗೆ ಇಳಿಸಲಾಯಿತು. ಮೂವತ್ತು ವರ್ಷ ಸೆರೆಯಲ್ಲಿದ್ದು 1951ರಲ್ಲಿ ಅಲ್ಲೇ ತೀರಿಕೊಂಡರು. ಅವರ ಅನುಯಾಯಿಗಳ ಚರ್ಚಿನ ಆಸರೆಯಲ್ಲಿ, ಅವರ ಹೆಸರಿನಲ್ಲೇ ಈ ವಾದ್ಯವೃಂದ ನಡೆದುಬಂದಿದೆ. ಮೊಮ್ಮಗ ಬೀಥೋವನ್ನನ್ನು ಆರಿಸಿಕೊಂಡದ್ದು ಶರಣಾಗತಿ ಎಂದು ನನಗೆ ಅನಿಸುವುದಿಲ್ಲ. ಪಿಟೀಲನ್ನು ನಾವೂ ಹೊರಗಿನವರಿಂದಲೇ ಪಡೆದೆವಲ್ಲವೇ? ನೆಲದ ಮೇಲೆ ಕುಳಿತು, ತುದಿಯನ್ನು ಪಾದಕ್ಕೆ ಒತ್ತಿ, ಶ್ರುತಿ ಬದಲಿಸಿ ಅದರಲ್ಲಿ ಗಮಕ ಹೊರಡಿಸಿದೆವು. ಮೈಸೂರಿನ ಚೌಡಯ್ಯನವರು ನಾಲ್ಕು ತಂತಿ ಸಾಲದೆಂದು ಏಳು ಕಟ್ಟಿದರು. ಬೆವರು ಸುರಿಸಿ ಪಡೆದದ್ದು ಪರರದಾಗಿ ಉಳಿಯುವುದಿಲ್ಲ.

ಈ ಚಿತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ವೃಂದದ ನಾಯಕನ ಪಾತ್ರ. ಕಂಡಕ್ಟರ್ ಎಂದರೆ ನಮಗೆ ಬಸ್ಸಿನಲ್ಲಿ ಸೀಟಿ ಊದುವವರು. ಸಿಂಫನಿಯ ಕಂಡಕ್ಟರ್ ಅದನ್ನೂ ಊದುವುದಿಲ್ಲ. ವೇದಿಕೆಯ ಮೇಲೆ ಯಾವ ನಾದವನ್ನೂ ಹೊರಡಿಸದ ವ್ಯಕ್ತಿ ಅವನೊಬ್ಬನೇ. ಎಲ್ಲರ ಸ್ವರಲಿಪಿಯೂ ಅವನ ಮುಂದಿರುತ್ತದೆ; ಯಾರು ಯಾವಾಗ ಬರಬೇಕು, ಯಾರು ತಗ್ಗಬೇಕು ಎಂಬುದನ್ನು ಕೈಸನ್ನೆಯಿಂದ ತಿಳಿಸುತ್ತಾನೆ. ವೃತ್ತಿನಿರತರ ವೃಂದದಲ್ಲಿ ಅವನ ಕೆಲಸ ಅಷ್ಟಕ್ಕೆ ಮುಗಿಯಬಹುದು. ಹವ್ಯಾಸಿಗಳ ನಡುವೆ ಹಾಗಲ್ಲ. ಸಂಬಳವಿಲ್ಲದವರನ್ನು ಗದರಿಸುವಂತಿಲ್ಲ; ಗದರಿಸದೆ ಬಿಟ್ಟರೆ ಸಂಗೀತ ನಿಲ್ಲುವುದಿಲ್ಲ. ದಣಿದು ಬಂದವರನ್ನು ಕೂರಿಸಿ, ತಪ್ಪಿದ ಜಾಗವನ್ನು ಮತ್ತೆ ಮತ್ತೆ ನುಡಿಸಿ, ನಾಳೆಯೂ ಅವರು ಬರುವಂತೆ ನೋಡಿಕೊಳ್ಳಬೇಕು. ಆ ತಾಳ್ಮೆಗೆ ಮನ್ನಣೆಯೂ ದೊರೆಯಿತು. 2013ರಲ್ಲಿ ಲಂಡನ್ನಿನ ರಾಯಲ್ ಫಿಲ್ಹಾರ್ಮೋನಿಕ್ ಸೊಸೈಟಿ ಡಿಯಾಂಗಿಯೆಂಡಾ ಅವರಿಗೆ ಗೌರವ ಸದಸ್ಯತ್ವ ನೀಡಿತು.

ಅವರ ವಾದನದಲ್ಲಿ ದೋಷಗಳಿಲ್ಲವೆಂದಲ್ಲ. ಶ್ರುತಿ ಅಲ್ಲಲ್ಲಿ ಜಾರುತ್ತದೆ. ಆದರೆ ವೃಂದವಾದನದ ಸೊಗಸು ಇರುವುದೇ ಇಲ್ಲಿ. ಒಬ್ಬರೇ ಕುಳಿತು ನುಡಿಸಿದರೆ ಕೇಳಲಾಗದ ಕೈ ಹತ್ತು ಕೈಗಳ ನಡುವೆ ಸಾರ್ಥಕವಾಗುತ್ತದೆ. ಇಂದು ತಪ್ಪಿದವರನ್ನು ಪಕ್ಕದವರು ಎತ್ತಿಕೊಳ್ಳುತ್ತಾರೆ, ನಾಳೆ ಅವರನ್ನು ಇವರು.

ನಮ್ಮ ಕಚೇರಿ ಪದ್ಧತಿ ಮುಂದೆ ಕುಳಿತವರ ಮನೋಧರ್ಮವನ್ನು ನೆಚ್ಚಿಕೊಂಡದ್ದು. ಅದರ ಎತ್ತರವೇ ಬೇರೆ, ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ವೇದಿಕೆಯ ಮೇಲಿನ ಮೂರು ನಾಲ್ಕು ಮಂದಿ ಮತ್ತು ಕೆಳಗಿನ ಸಾವಿರ ಮಂದಿಯ ನಡುವೆ, ಸ್ವಲ್ಪ ಮಾತ್ರ ಬಲ್ಲವರಿಗೆ ಜಾಗವೆಲ್ಲಿ? ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿದ್ದಾರೆ. ಪಿಟೀಲಿನ ಹೊಟ್ಟೆಯೊಳಗೆ ಕುಳಿತು ಕೇಳುವ ನಮ್ಮಲ್ಲಿ ಎಷ್ಟು ಜನರ ಮನೆಯ ಅಟ್ಟದ ಮೇಲೆ ಪಿಟೀಲೋ ವೀಣೆಯೋ ಮಲಗಿರಬಹುದು?

ಹವ್ಯಾಸಿ ಎಂಬ ಮಾತನ್ನು ಕನ್ನಡಿಗರು ಸದಾ ಕೀಳಾಗಿ ಕಂಡವರಲ್ಲ. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಆ ಪದವನ್ನು ಹೆಸರಿನಲ್ಲೇ ಧರಿಸಿತ್ತು. ಹವ್ಯಾಸಿ ರಂಗಭೂಮಿ ಎಂದು ಇಂದಿಗೂ ಹೆಮ್ಮೆಯಿಂದ ಹೇಳುತ್ತೇವೆ. ನಾಟಕಕ್ಕೆ ಸಂದ ಈ ಗೌರವ ಸಂಗೀತಕ್ಕೆ ಏಕೆ ಸಲ್ಲಲಿಲ್ಲ? ಮಕ್ಕಳನ್ನು ಸಂಗೀತದ ಪಾಠಕ್ಕೆ ಸೇರಿಸುತ್ತೇವೆ, ಜೂನಿಯರ್ ಪರೀಕ್ಷೆ ಕಟ್ಟಿಸುತ್ತೇವೆ, ಹತ್ತನೆಯ ತರಗತಿ ಬಂದೊಡನೆ ಬಿಡಿಸುತ್ತೇವೆ. ಬಿಟ್ಟವರು ಮರಳಿ ಬಂದು ಸೇರಿಕೊಳ್ಳಬಹುದಾದ ಒಂದು ಮನೆಯನ್ನು ಮಾತ್ರ ಕಟ್ಟಲಿಲ್ಲ.

ಕಟ್ಟಲೇ ಇಲ್ಲವೆಂದರೂ ತಪ್ಪಾದೀತು. ನಮ್ಮ ಬಡಾವಣೆಯ ರಾಮಮಂದಿರದಲ್ಲಿ ಶನಿವಾರದ ಸಂಜೆ ಭಜನಾ ಮಂಡಳಿಯೊಂದು ಸೇರುತ್ತದೆ. ಒಂದು ಹಾರ್ಮೋನಿಯಂ, ಎರಡು ಜೊತೆ ತಾಳ, ಇಪ್ಪತ್ತು ಕಂಠಗಳು. ಅಷ್ಟು ವರ್ಷ ಅದರ ಪಕ್ಕದಲ್ಲೇ ತರಕಾರಿ ಚೀಲ ಹಿಡಿದು ನಡೆದುಹೋದವಳು ಕಳೆದ ತಿಂಗಳು ಒಳಗೆ ಹೋದೆ. ಪಿಟೀಲಿಗೆ ತಂತಿ ಹಾಕಿಸಿದ್ದೇನೆ, ಕೈ ಕೂರುತ್ತಿಲ್ಲ, ಹಿಂದೆ ಕುಳಿತು ನುಡಿಸಬಹುದೇ ಎಂದು ಕೇಳಿದೆ. ಮಂಡಳಿ ನಡೆಸುವ ಹಿರಿಯ ಮಹಿಳೆ ನನ್ನ ಕೈಯ ಬಗ್ಗೆ ಏನನ್ನೂ ವಿಚಾರಿಸಲಿಲ್ಲ. ‘ಬಾಮ್ಮ, ಅದಕ್ಕೇನಂತೆ. ಆದರೆ ಆರು ಗಂಟೆ ಅಂದರೆ ಆರು ಗಂಟೆಗೆ ಇರಬೇಕು. ಒಬ್ಬರು ಬರದಿದ್ದರೂ ಇಲ್ಲಿ ಗೊತ್ತಾಗುತ್ತೆ’ ಎಂದರು.