ಅರ್ಧ ಇಂಚಿನ ಧರ್ಮಸಂಕಟ



ನಮ್ಮ ಮನೆಗೆ ದೋಣಿ ಬಂದದ್ದು 2021ರ ಆಯುಧಪೂಜೆಯ ಹೊತ್ತಿಗೆ. ದೋಣಿ ಅಂದರೆ ಭಾರಿ ಏನೋ ಅಂದುಕೊಳ್ಳಬೇಡಿ. 14 ಅಡಿಯ ಹಳೆಯ ಅಲ್ಯೂಮಿನಿಯಂ ದೋಣಿ, ಹಿಂದೆ 15 ಹಾರ್ಸ್‌ಪವರಿನ ಒಂದು ಎಂಜಿನ್. ಪಕ್ಕದ ಮನೆಯ ಹಿರಿಯರಿಗೆ ಮಂಡಿನೋವು ಜಾಸ್ತಿಯಾಗಿ, "ನೀನೇ ಇಟ್ಟುಕೋ" ಅಂತ ಹೆಚ್ಚುಕಡಿಮೆ ಪುಕ್ಕಟೆಯಾಗಿ ಕೊಟ್ಟರು. ನನ್ನ ಹೆಂಡತಿ ಸಂಪ್ರದಾಯ ಬಿಡುವವಳಲ್ಲ. ಕಾರಿನ ಜೊತೆ ದೋಣಿಗೂ ಅರಿಶಿನ ಕುಂಕುಮ ಇಟ್ಟು, ಟ್ರೇಲರಿನ ಚಕ್ರದಡಿ ನಿಂಬೆಹಣ್ಣು ಇಟ್ಟು, ಮೂತಿಯ ಮೇಲೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟಳು. ಬೇಲಿಯಾಚೆ ನಿಂತು ಎಲ್ಲವನ್ನೂ ಖುಷಿಯಿಂದ ನೋಡುತ್ತಿದ್ದ ಹಿರಿಯರು ಬಾಳೆಹಣ್ಣು ಕಂಡದ್ದೇ ತಡ, ಕುಂಟುತ್ತಲೇ ಓಡಿ ಬಂದರು. "ಅದನ್ನು ಮೊದಲು ಇಳಿಸು! ದೋಣಿಗೆ ಬಾಳೆಹಣ್ಣು ಹತ್ತಿದರೆ ಮೀನು ಹತ್ತುವುದಿಲ್ಲ!"

ಅಮೆರಿಕದ ಗಾಳಗಾರರಲ್ಲಿ ಇದು ಹಳೆಯ ನಂಬಿಕೆಯಂತೆ. ನಮ್ಮ ಮಂಗಳ ಅವರಿಗೆ ಅಪಶಕುನ! 2022ರ ಬೇಸಿಗೆಯಿಡೀ ನನಗೆ ಒಂದೇ ಒಂದು ಮೀನು ಸಿಗದಿದ್ದಾಗ ಅವರು ಆ ಚಿಪ್ಪನ್ನು ಎಷ್ಟು ಸಲ ನೆನಪಿಸಿದರೋ ಲೆಕ್ಕವಿಲ್ಲ. ನಿಜವಾದ ಕಾರಣ ಬೇರೆಯೇ ಇತ್ತು. ಅದನ್ನು ಹೇಳುವ ಮೊದಲು ನಾನು ಮಾಡುತ್ತಿದ್ದುದು ಏನು ಅಂತ ಹೇಳಬೇಕು.

ಟ್ರೋಲಿಂಗ್ ಅಂದರೆ ಈಗಿನ ಮಕ್ಕಳಿಗೆ ಇಂಟರ್ನೆಟ್ಟಿನಲ್ಲಿ ಇನ್ನೊಬ್ಬರ ಕಾಲೆಳೆಯುವುದು. ನಮ್ಮ ಕರಾವಳಿಯವರಿಗೆ ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳ ದೊಡ್ಡ ಬಲೆ ನೆನಪಾದೀತು. ಇದು ಎರಡೂ ಅಲ್ಲ. ದೋಣಿಯನ್ನು ನಿಧಾನ ನಡೆಸುತ್ತಾ, ಹಿಂದೆ ಒಂದೋ ಎರಡೋ ಗಾಳದ ದಾರ ಬಿಟ್ಟು, ಅದರ ತುದಿಯ ಲೂರನ್ನು, ಅಂದರೆ ಹುಸಿ ಎರೆಯನ್ನು, ಜೀವ ಇರುವಂತೆ ಎಳೆದುಕೊಂಡು ಹೋಗುವುದು. ಅಷ್ಟೇ.

ಲೂರ್ ಅಂದಾಗ ಫಿನ್ಲೆಂಡಿನ ಲೌರಿ ರಾಪಲಾ ಎಂಬ ಬಡ ಬೆಸ್ತನ ಕಥೆ ಹೇಳಲೇಬೇಕು. ದಿನವೂ ಹುಟ್ಟುದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದ ಆತ ಒಂದು ವಿಷಯ ಗಮನಿಸಿದ. ದೊಡ್ಡ ಮೀನು ಸಣ್ಣ ಮೀನುಗಳ ಹಿಂಡಿಗೆ ನುಗ್ಗಿದಾಗ ಎಲ್ಲವನ್ನೂ ಬಿಟ್ಟು, ಗಾಯಗೊಂಡು ತುಸು ವಾಲಾಡುತ್ತಾ ಈಜುವ ಒಂದನ್ನೇ ಹಿಡಿಯುತ್ತದೆ. 1936ರಲ್ಲಿ ಆತ ಚಮ್ಮಾರರ ಚಾಕುವಿನಿಂದ ಬೆಂಡು ಕೆತ್ತಿ, ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ, ಹಳೆಯ ಫೋಟೋ ನೆಗೆಟಿವ್ ಕರಗಿಸಿ ಬಳಿದು ಅದೇ ವಾಲಾಟದ ಲೂರ್ ಮಾಡಿದ. ಇಂದು ಯಾವ ಗಾಳದ ಅಂಗಡಿಗೆ ಹೋದರೂ ಅವನ ಹೆಸರಿನ ಡಬ್ಬಿ ಇರುತ್ತದೆ.

ನಾವಿರುವುದು ಬಾಸ್ಟನ್ನಿನ ದಕ್ಷಿಣಕ್ಕೆ. ಇಲ್ಲಿನ ಹಿಂಗಮ್ ಕೊಲ್ಲಿಯಲ್ಲಿ ಬಂಪ್ಕಿನ್, ಗ್ರೇಪ್, ಪೆಡಕ್ಸ್ ಅಂತ ಪುಟ್ಟ ದ್ವೀಪಗಳಿವೆ. ಮೇ ತಿಂಗಳ ಹೊತ್ತಿಗೆ ದಕ್ಷಿಣದಿಂದ ಸ್ಟ್ರೈಪ್ಡ್ ಬಾಸ್ ಮೀನುಗಳು ಬರುತ್ತವೆ, ಅಕ್ಟೋಬರಿನಲ್ಲಿ ವಾಪಸು ಹೊರಡುತ್ತವೆ. ಬೆಳ್ಳಿ ಮೈ, ಉದ್ದಕ್ಕೂ ಏಳೆಂಟು ಕಪ್ಪು ಗೆರೆ. ಇಲ್ಲಿನವರ ಬಾಯಲ್ಲಿ ಬರೀ 'ಸ್ಟ್ರೈಪರ್'.

ಈ ಊರಿನ ಹಳೆಯ ಉಪಾಯ ಒಂದು ರಬ್ಬರ್ ನಳಿಗೆ. ಕೆಂಪು ಅಥವಾ ಕಂದು ಬಣ್ಣದ, ಒಂದೂವರೆ ಎರಡು ಅಡಿ ಉದ್ದದ, ಸ್ವಲ್ಪ ಬಾಗಿದ ನಳಿಗೆ. ಅದರ ಬಾಲದ ಕೊಕ್ಕೆಗೆ ಒಂದು ಜೀವಂತ ಸಮುದ್ರದ ಹುಳು. ನಿಧಾನ ಎಳೆದರೆ ಹಾವಿನ ಹಾಗೆ ಸುರುಳಿ ಸುತ್ತುತ್ತಾ ಬರುತ್ತದೆ. ಆಳಕ್ಕೆ ಇಳಿಯಲು ಸೀಸದ ಎಳೆಯಿರುವ ದಾರ. ಅದು ಪ್ರತಿ 10 ಗಜಕ್ಕೆ ಬಣ್ಣ ಬದಲಾಯಿಸುತ್ತದೆ. ಒಂದು ಬಣ್ಣ ಬಿಟ್ಟರೆ ಸುಮಾರು 5 ಅಡಿ ಆಳ. ಮೂರು ಬಣ್ಣ ಬಿಟ್ಟರೆ 15 ಅಡಿ. ಎಣಿಸಲು ಎಂಟು ವರ್ಷದ ಮಗು ಸಾಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಮಗಳದು.

ಇನ್ನು ನನ್ನ ತಪ್ಪಿಗೆ ಬರೋಣ. ವೇಗ ಗಂಟೆಗೆ ಎರಡು, ಎರಡೂವರೆ ಮೈಲಿ ಇರಬೇಕು ಅಂತ ಎಲ್ಲೆಡೆ ಓದಿದ್ದೆ. ಫೋನಿನ ಜಿಪಿಎಸ್ ನೋಡಿಕೊಂಡು ಸರಿಯಾಗಿ ಎರಡೂವರೆ ಮೈಲಿಯಲ್ಲೇ ಹೋಗುತ್ತಿದ್ದೆ. ಬೇಸಿಗೆಯ ಕೊನೆಗೊಮ್ಮೆ ಹಿರಿಯರು ಜೊತೆಗೆ ಬಂದವರು ನಕ್ಕುಬಿಟ್ಟರು. ಬಾಸ್ಟನ್ನಿನಲ್ಲಿ ಭರತ ಇಳಿತಗಳ ನಡುವೆ 9-10 ಅಡಿ ವ್ಯತ್ಯಾಸ. ಅಷ್ಟು ನೀರು ಆರು ಗಂಟೆಯಲ್ಲಿ ದ್ವೀಪಗಳ ಸಂದಿಯಿಂದ ನುಗ್ಗಬೇಕು. ಫೋನ್ ಹೇಳುವುದು ನೆಲಕ್ಕೆ ಹೋಲಿಸಿದ ವೇಗ. ಮೀನು ನೋಡುವುದು ನೀರಿಗೆ ಹೋಲಿಸಿದ ವೇಗ! ಎದುರು ಸೆಳವಿನಲ್ಲಿ ನನ್ನ ನಳಿಗೆ ನಾಲ್ಕು ಮೈಲಿ ವೇಗದಲ್ಲಿ ಗಿರಗಿರ ತಿರುಗಿ ಮೇಲಕ್ಕೆ ಬರುತ್ತಿತ್ತು. ಸೆಳವಿನ ಜೊತೆ ಹೋದಾಗ ಸತ್ತ ಹಾವಿನಂತೆ ತಳಕ್ಕೆ ಬಿದ್ದಿರುತ್ತಿತ್ತು. "ಫೋನ್ ಜೇಬಿಗೆ ಹಾಕು, ರಾಡಿನ ತುದಿ ನೋಡು" ಅಂದರು. ನಳಿಗೆ ಸರಿಯಾಗಿ ತಿರುಗುತ್ತಿದ್ದರೆ ತುದಿ ಮೆಲ್ಲಗೆ ತೂಗುತ್ತದೆ. ತೂಗು ನಿಂತರೆ ಪಾಚಿ ಸಿಕ್ಕಿದೆ, ಎಳೆದು ಬಿಡಿಸು ಅಂತ ಅರ್ಥ.

ಇನ್ನೊಂದು ಪಾಠ: ನೇರ ಹೋಗಬಾರದು, ಹಾವಿನ ನಡೆ ಹೋಗಬೇಕು. ಎತ್ತಿನ ಗಾಡಿ ತಿರುಗುವಾಗ ಒಳಗಿನ ಗಾಲಿ ನಿಧಾನ, ಹೊರಗಿನದು ಜೋರು ಅಲ್ಲವೆ? ದೋಣಿ ತಿರುಗಿದಾಗಲೂ ಒಳಬದಿಯ ಲೂರ್ ನಿಧಾನವಾಗಿ ಕೆಳಗಿಳಿಯುತ್ತದೆ, ಹೊರಬದಿಯದು ಜೋರಾಗಿ ಮೇಲೇಳುತ್ತದೆ. ಯಾವುದಕ್ಕೆ ಮೀನು ಬಿತ್ತು ಅಂತ ನೋಡಿದರೆ ಅವತ್ತಿನ ವೇಗ ತಾನೇ ತಿಳಿಯುತ್ತದೆ.

ಆದರೆ ತೀರಾ ಒಮ್ಮೆಲೇ ತಿರುಗಿಸಬಾರದು. ಹಲ್ ಗಟ್ ಎಂಬ ಇಕ್ಕಟ್ಟಿನ ಹತ್ತಿರ ನಾನು ಹಾಗೆ ಮಾಡಿ ದಾರ ಪ್ರೊಪೆಲರಿಗೆ ಸುತ್ತಿ ಎಂಜಿನ್ ನಿಂತಿತು. ಇಳಿತದ ನೀರು ಹೊರಗೆ, ಗಾಳಿ ಒಳಗೆ, ನಡುವೆ ನೆಟ್ಟಗೆ ಏಳುವ ಅಲೆ. ಲಂಗರು ಹಾಕಿದ್ದರಿಂದ ಉಳಿದುಕೊಂಡೆವು. ಆವತ್ತಿನಿಂದ ಆ ಇಕ್ಕಟ್ಟಿನ ಕಡೆ ನಾವು ಟ್ರೋಲಿಂಗ್ ಮಾಡುವುದಿಲ್ಲ, ಲಂಗರು ಕೈಗೆಟುಕುವಲ್ಲೇ ಇರುತ್ತದೆ.

ಈಗ 2023ರ ಜುಲೈ ತಿಂಗಳ ಆ ಶನಿವಾರದ ವಿಷಯ. ಭಾನುವಾರ ನಮ್ಮ ಮನೆಗೆ ನಾಲ್ಕು ಸಂಸಾರದವರು ಊಟಕ್ಕೆ ಬರುವವರಿದ್ದರು. ನಾನು ಜಂಬದಲ್ಲಿ "ನಾನೇ ಹಿಡಿದ ಮೀನಿನ ಸಾರು, ಕಡುಬು" ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೆ. ನನ್ನಾಕೆ ತೆಂಗಿನಕಾಯಿ ಕೂಡ ತುರಿದಿಟ್ಟಿದ್ದಳು. ಬೆಳಗಿನ ಐದಕ್ಕೆ ನಾನೂ ಮಗಳೂ ಹೊರಟೆವು. ಎರಡು ತಾಸು ಏನೂ ಇಲ್ಲ. ಆಮೇಲೆ ಬಂಪ್ಕಿನ್ ದ್ವೀಪದ ಹತ್ತಿರ, 15 ಅಡಿಯಿಂದ 20 ಅಡಿಗೆ ಇಳಿಯುವ ಕಲ್ಲಿನ ಅಂಚಿನಲ್ಲಿ, ತಿರುವಿನ ಒಳಬದಿಯ ರಾಡು ಒಮ್ಮೆಲೇ ಬಿಲ್ಲಾಯಿತು. ರೀಲು ಕಿರ್ರೆಂದು ಕೂಗತೊಡಗಿತು. ಇನ್ನೊಂದು ದಾರ ಸುತ್ತಿಕೊಂಡು, ದೋಣಿಯನ್ನು ಮೆಲ್ಲಗೆ ಮುಂದೆ ಬಿಟ್ಟುಕೊಂಡು, ಹತ್ತು ನಿಮಿಷದಲ್ಲಿ ಮೀನನ್ನು ಪಕ್ಕಕ್ಕೆ ತಂದೆ. ಬಲೆಯಲ್ಲಿ ಎತ್ತಿದೆ. ಎಂಥಾ ಮೀನು ಅಂತೀರಿ!

ಮಗಳು ಟೇಪು ಹಿಡಿದಳು. ಬಾಯಿ ಮುಚ್ಚಿ, ಬಾಲದ ಕವಲು ಕೂಡಿಸಿ ಅಳೆದಳು. "ಅಪ್ಪಾ, ಮೂವತ್ತೊಂದೂವರೆ."

ನಿಯಮ ಏನೆಂದರೆ, ಒಬ್ಬರಿಗೆ ದಿನಕ್ಕೆ ಒಂದೇ ಮೀನು, ಅದೂ 28 ಇಂಚಿಗಿಂತ ಚಿಕ್ಕದಿರಬಾರದು, 31 ಇಂಚು ಮುಟ್ಟಿರಬಾರದು. ಹಿಂದಿನ ವರ್ಷವಾಗಿದ್ದರೆ ಮೇಲಿನ ಮಿತಿ 35 ಇಂಚು ಇತ್ತು. ಆ ಮೇ ತಿಂಗಳ ಕೊನೆಗಷ್ಟೇ ಇಳಿಸಿದ್ದರು. ಎರಡು ತಿಂಗಳ ಹಿಂದಾಗಿದ್ದರೆ ಇದೇ ಮೀನು ಇದೇ ದೋಣಿಯಲ್ಲಿ ನ್ಯಾಯವಾಗಿ ನನ್ನದು!

"ಸರಿಯಾಗಿ ಅಳಿ ಪುಟ್ಟಿ, ಟೇಪು ಸೊಟ್ಟ ಇದೆ" ಅಂದೆ.

ಮತ್ತೆ ಅಳೆದಳು. "ಮೂವತ್ತೊಂದೂವರೆ ಅಪ್ಪಾ."

ಸುತ್ತ ನೋಡಿದೆ. ಇನ್ನೊಂದು ದೋಣಿ ಇರಲಿಲ್ಲ. ಭಾನುವಾರದ ಅತಿಥಿಗಳು, ತುರಿದಿಟ್ಟ ಕಾಯಿ, ಎರಡು ಬೇಸಿಗೆಯ ಬರಿಗೈ ಎಲ್ಲಾ ಕಣ್ಣ ಮುಂದೆ ಬಂತು. ಬರೀ ಅರ್ಧ ಇಂಚು! ಸುಳ್ಳು ಹೇಳುವುದಿಲ್ಲ ಸ್ನೇಹಿತರೆ, ನನ್ನ ಕೈ ಐಸ್ ಪೆಟ್ಟಿಗೆಯ ಮುಚ್ಚಳದ ಮೇಲಿತ್ತು.

ಮಿತಿ ಯಾಕೆ ಇಳಿಸಿದರು ಎಂದು ಹಿರಿಯರು ಅವಳಿಗೆ ವಿವರಿಸಿದ್ದರು. 2015ರಲ್ಲಿ ಹುಟ್ಟಿದ ಮರಿಗಳು ಚೆನ್ನಾಗಿ ಉಳಿದಿದ್ದವು. ಆಮೇಲೆ 2019ರಿಂದ ಚೆಸಪೀಕ್ ಕೊಲ್ಲಿಯ ಮೇರಿಲ್ಯಾಂಡ್ ಭಾಗದಲ್ಲಿ ಮರಿಗಳ ಎಣಿಕೆ ವರ್ಷ ವರ್ಷವೂ ತೀರಾ ಕಡಿಮೆ. 2015ರ ತಂಡ 2023ಕ್ಕೆ ಸರಿಯಾಗಿ 31 ಇಂಚಿನ ಆಸುಪಾಸಿಗೆ ಬೆಳೆದಿತ್ತು. ಮೊಟ್ಟೆಯಿಡಲು ಅವು ಉಳಿಯಲಿ ಅಂತ ತುರ್ತಾಗಿ ನಿಯಮ ತಂದರು. ಈ ತಂಡವನ್ನು ಇಲ್ಲಿನ ಮೀನುಗಾರಿಕೆಯವರು '2015ರ ಕ್ಲಾಸ್' ಅನ್ನುತ್ತಾರೆ. ನನ್ನ ಮಗಳು ಹುಟ್ಟಿದ್ದೂ 2015ರಲ್ಲಿ.

"ಅಪ್ಪಾ, ಬೇಗ ಬಿಡು. ಇವಳು ನನ್ನ ಕ್ಲಾಸ್‌ಮೇಟ್ ಇರಬಹುದು" ಅಂದಳು.

ಇನ್ನೇನು ಹೇಳಲಿ? ಕೈ ಒದ್ದೆ ಮಾಡಿಕೊಂಡು, ಕೆಳದುಟಿ ಹಿಡಿದು, ಹೊಟ್ಟೆಯಡಿ ಕೈಕೊಟ್ಟು ನೀರಿಗಿಳಿಸಿದೆ. ಕಿವಿರಿಗೆ ನೀರು ಹೋಗುವಂತೆ ತುಸು ಹೊತ್ತು ಹಿಡಿದುಕೊಂಡೆ. ಆಮೇಲೆ ಬಾಲ ಬಡಿದು ನನ್ನ ಮುಖಕ್ಕೆಲ್ಲ ನೀರು ಎರಚಿ ಹೋಯಿತು. ಫೋಟೋ ಕೂಡ ತೆಗೆದಿರಲಿಲ್ಲ.

ಈ ಮೀನಿನ ವಿಷಯದಲ್ಲಿ ಇಲ್ಲಿನವರು ಮೊದಲಿನಿಂದಲೂ ತಪ್ಪು ಮಾಡಿ ತಿದ್ದಿಕೊಂಡವರೇ. 1639ರಷ್ಟು ಹಿಂದೆಯೇ ಮ್ಯಾಸಚೂಸೆಟ್ಸ್ ಬೇ ವಸಾಹತು ಬಾಸ್ ಮೀನನ್ನು ಹೊಲಕ್ಕೆ ಗೊಬ್ಬರವಾಗಿ ಹಾಕಬಾರದು ಎಂದು ಕಾನೂನು ಮಾಡಿತ್ತು. 1670ರಲ್ಲಿ ಪ್ಲಿಮತ್ ವಸಾಹತು ಮೀನುಗಾರಿಕೆಯ ಆದಾಯದಿಂದ ಶಾಲೆ ನಡೆಸಲು ಮುಂದಾಯಿತು. ಅಷ್ಟಾದರೂ 1980ರ ಹೊತ್ತಿಗೆ ಮೀನು ಮುಗಿಯುವ ಹಂತಕ್ಕೆ ಬಂತು. 1984ರಲ್ಲಿ ಕಾಂಗ್ರೆಸ್ ಇದಕ್ಕೆಂದೇ ಕಾಯಿದೆ ತಂದಿತು, 1985ರಿಂದ ಐದು ವರ್ಷ ಮೇರಿಲ್ಯಾಂಡಿನಲ್ಲಿ ಹಿಡಿಯುವುದನ್ನೇ ನಿಲ್ಲಿಸಿದರು. 1995ಕ್ಕೆ ಮೀನು ಚೇತರಿಸಿಕೊಂಡಿತು ಎಂದು ಸಾರಿದರು. 2019ರಲ್ಲಿ ಮತ್ತೆ ಮಿತಿಮೀರಿ ಬರಿದಾಗಿದೆ ಎಂಬ ವರದಿ ಬಂತು.

ಅವತ್ತು ದಡಕ್ಕೆ ಬರುವಾಗ ನನಗೆ ತೀರ್ಥಹಳ್ಳಿಯ ನಮ್ಮ ಮನೆ ನೆನಪಾಯಿತು. ಮಲೆನಾಡಿನವರಿಗೆ ಹತ್ತುಮೀನು ಗೊತ್ತು. ಮುಂಗಾರಿನ ಮೊದಲ ಜಡಿಮಳೆಗೆ ಹೊಳೆಯ ಮೀನುಗಳು ಮೊಟ್ಟೆಯಿಡಲು ಹಳ್ಳ ಹತ್ತಿ ಗದ್ದೆಗೆ ಬರುತ್ತವೆ. ಅಜ್ಜ ರಾತ್ರಿ ಕೂಣಿ ಒಡ್ಡುತ್ತಿದ್ದರು. ಬೆಳಿಗ್ಗೆ ಬುಟ್ಟಿ ತುಂಬಾ ಮೀನು, ಪ್ರತಿಯೊಂದರ ಹೊಟ್ಟೆಯಲ್ಲೂ ಮೊಟ್ಟೆ. ನಾವು ಮಕ್ಕಳು ಆ ಮೊಟ್ಟೆಗೇ ಜಗಳವಾಡುತ್ತಿದ್ದೆವು. ಸ್ಟ್ರೈಪರ್ ಕೂಡ ಒಂದು ಥರ ಹತ್ತುಮೀನೇ. ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಚೆಸಪೀಕಿನ ಹೊಳೆಗಳಿಗೆ, ಹಡ್ಸನ್ ನದಿಗೆ ಹತ್ತುತ್ತದೆ. ಊರಿಗೆ ಫೋನ್ ಮಾಡಿದಾಗ ತಮ್ಮ, "ಈಗೆಲ್ಲಿ ಅಣ್ಣ, ಕೂಣಿ ಒಡ್ಡಿದರೆ ನಾಲ್ಕು ಮೀನು ಬಿದ್ದರೆ ಹೆಚ್ಚು" ಅಂದ. ಅಜ್ಜನನ್ನು ನಾನು ದೂರುವುದಿಲ್ಲ. ಆ ಕಾಲಕ್ಕೆ ಅದು ಮಳೆಗಾಲದ ಊಟ. ಆದರೆ ನಮ್ಮಲ್ಲೂ ಬಿಡುವ ಬುದ್ಧಿ ಇತ್ತು. ಅದೇ ತೀರ್ಥಹಳ್ಳಿಯ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ, ಶೃಂಗೇರಿಯಲ್ಲಿ ತುಂಗೆಯ ಮೀನನ್ನು ಯಾರೂ ಮುಟ್ಟುವುದಿಲ್ಲ, ಮಂಡಕ್ಕಿ ಹಾಕಿ ಕೈಮುಗಿಯುತ್ತಾರೆ. ಅಲ್ಲಿ ದೇವರು ಕಾಯುತ್ತಾನೆ, ಇಲ್ಲಿ ಟೇಪು ಕಾಯಬೇಕು.

ಭಾನುವಾರದ ಊಟ? ಅಂಗಡಿಯಿಂದ ತಂದ ಮೀನಿನ ಸಾರು. ಕಡುಬು ಚೆನ್ನಾಗಿತ್ತು. ನಾನು ಏನೋ ನೆಪ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಮಗಳು ಎಲ್ಲರ ಮುಂದೆ ಪೂರ್ತಿ ಕಥೆ ಹೇಳಿಬಿಟ್ಟಳು, ಐಸ್ ಪೆಟ್ಟಿಗೆಯ ಮೇಲಿನ ನನ್ನ ಕೈ ಸಮೇತ! ಎರಡು ವಾರ ಬಿಟ್ಟು 29 ಇಂಚಿನದೊಂದು ಸಿಕ್ಕಿತು. ಅದರ ಸಾರಿನ ರುಚಿಯೇ ಬೇರೆ.

ಮಕ್ಕಳನ್ನು ಕರೆದುಕೊಂಡು ಹೋಗಬೇಕೆನ್ನುವವರಿಗೆ ಎರಡು ಮಾತು. ಲೈಫ್ ಜಾಕೆಟ್ ದೊಡ್ಡವರೂ ಹಾಕಿಕೊಳ್ಳಿ, ನೋಡಿ ಕಲಿಯುವವರು ಮಕ್ಕಳು. ಎಂಜಿನ್ ನಿಲ್ಲಿಸುವ ಸುರಕ್ಷತಾ ದಾರ ಕೈಗೆ ಕಟ್ಟಿಕೊಳ್ಳಿ. ಮ್ಯಾಸಚೂಸೆಟ್ಸಿನಲ್ಲಿ 16 ತುಂಬಿದವರಿಗೆ ಸಮುದ್ರದ ಗಾಳಕ್ಕೆ ಪರ್ಮಿಟ್ ಬೇಕು. ಅಳತೆಯ ನಿಯಮ ರಾಜ್ಯದಿಂದ ರಾಜ್ಯಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗಬಹುದು, ಹೊರಡುವ ಮೊದಲು ಪ್ರತಿ ವರ್ಷ ನೋಡಿಕೊಳ್ಳಿ. ಟೇಪನ್ನು ಮಕ್ಕಳ ಕೈಗೆ ಕೊಡಿ.

ನಮ್ಮ ದೋಣಿಯಲ್ಲಿ ಇನ್ನೊಬ್ಬರಿಗೆ ಜಾಗ ಇದೆ. ಚಿತ್ರಾನ್ನ ತಂದರೆ ಸಂತೋಷ. ಬಾಳೆಹಣ್ಣು ಮಾತ್ರ ದಯವಿಟ್ಟು ಕಾರಿನಲ್ಲೇ ಬಿಟ್ಟು ಬನ್ನಿ.