ಖಾಲಿ ಪಿಕಪ್ ಕುಣಿದ್ರೆ ಕಂಪನಿ ಶಾಕ್ಸ್ ಕಿತ್ತು ಹಾಕಿಸ್ಬೇಕಾ?

ಹೊಸದಾಗಿ ಪಿಕಪ್ ತಗೊಂಡ ಹುಡುಗರು ನನ್ನನ್ನ ಕೇಳೋ ಪ್ರಶ್ನೆಗಳಲ್ಲಿ ಇದು ಮೊದಲನೇದು: "ಅಣ್ಣಾ, ಲೋಡ್ ಇಳಿಸಿ ಖಾಲಿ ವಾಪಸ್ ಬರೋವಾಗ ಸೊಂಟ ಮುರಿಯುತ್ತೆ. ಹಂಪ್ ಮೇಲೆ ಹಿಂದುಗಡೆ ಎತ್ತೆತ್ತಿ ಹಾಕುತ್ತೆ. ಕಂಪನಿ ಶಾಕ್ಸ್ ಸರಿ ಇಲ್ಲ ಅಂತಾರೆ, ತೆಗೆಸಿ ಬೇರೆ ಹಾಕಿಸ್ಲಾ?"

ದುಡ್ಡು ಖರ್ಚು ಮಾಡೋ ಮುಂಚೆ ಈ ಲೇಖನ ಪೂರ್ತಿ ಓದಿ. ಖಾಲಿ ಗಾಡಿ ಕುಣಿಯೋದಕ್ಕೆ ಶಾಕ್ಸ್ ಕಾರಣ ಆಗಿರೋದು ಕಡಿಮೆ. ಶಾಕ್ಸ್ ಕೆಟ್ಟಿದ್ರೆ ಅದು ಗೊತ್ತಾಗೋದು ಗಾಡಿ ತುಂಬಿದಾಗ. ಬಹಳ ಜನ ಇದನ್ನ ಉಲ್ಟಾ ತಿಳ್ಕೊಂಡಿದ್ದಾರೆ. ಅದರಿಂದ ದುಡ್ಡೂ ಹೋಗುತ್ತೆ, ಹಣ್ಣೂ ಹೋಗುತ್ತೆ. ಕೆಲವು ಸಲ ಬ್ರೇಕೂ ಹೋಗುತ್ತೆ, ಅದನ್ನ ಮುಂದೆ ಹೇಳ್ತೀನಿ.

ಶಾಕ್ಸ್ ಭಾರ ಹೊರೋದಿಲ್ಲ

ಗಾಡಿ ಕೆಳಗೆ ಒಮ್ಮೆ ಬಗ್ಗಿ ನೋಡಿ. ಬೊಲೆರೊ ಪಿಕಪ್ ಆಗಲಿ, ದೋಸ್ತ್ ಆಗಲಿ, ಟಾಟಾ ಏಸ್ ಆಗಲಿ, ಹಿಂದುಗಡೆ ಕಾಣೋದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು. ಲೀಫ್ ಸ್ಪ್ರಿಂಗ್ ಅಂದ್ರೆ ಇದೇ. ನಿಮ್ಮ ಟೊಮೆಟೊ, ಗೊಬ್ಬರದ ಮೂಟೆ, ಎಲ್ಲಾ ಭಾರ ಹೊರೋದು ಈ ಪ್ಲೇಟುಗಳೇ. ಪಕ್ಕದಲ್ಲಿ ಓರೆಯಾಗಿ ನಿಂತಿರೋ ಕೊಳವೆ ಶಾಕ್ಸ್. ಅದು ಭಾರ ಹೊರಲ್ಲ. ಹೊತ್ತ ಪ್ಲೇಟು ಒಂದು ಗುಂಡಿಗೆ ಬಗ್ಗಿ, ಮತ್ತೆ ಚಿಮ್ಮಿ, ಮತ್ತೆ ಬಗ್ಗಿ ಆಡ್ತಾನೇ ಇರಬಾರದಲ್ಲ, ಆ ಆಟ ನಿಲ್ಲಿಸೋದಷ್ಟೇ ಅದರ ಕೆಲಸ.

ಒಳಗಡೆ ಎಣ್ಣೆ ಇರುತ್ತೆ. ರಾಡಿನ ತುದಿಯ ಪಿಸ್ಟನ್‌ನಲ್ಲಿ ಸಣ್ಣ ತೂತು, ವಾಲ್ವ್ ಇರುತ್ತೆ. ಚಕ್ರ ಮೇಲೆ ಕೆಳಗೆ ಆದಾಗ ಎಣ್ಣೆ ಆ ಸಣ್ಣ ದಾರಿಯಲ್ಲಿ ಕಷ್ಟಪಟ್ಟು ನುಗ್ಗಬೇಕು. ಹಾಗೆ ನುಗ್ಗಿದಾಗ ಕುಣಿತದ ಶಕ್ತಿ ಬಿಸಿಯಾಗಿ ಬದಲಾಗುತ್ತೆ. ಸಾಮಾನ್ಯವಾಗಿ ಒಳಗೆ ಒತ್ತೋವಾಗ ಸ್ವಲ್ಪ ಸಡಿಲ, ಹೊರಗೆ ಎಳೆಯೋವಾಗ ಬಿಗಿ ಇರೋ ಹಾಗೆ ಮಾಡಿರ್ತಾರೆ. ಯಾಕಂದ್ರೆ ಗುಂಡಿಯ ಏಟಿಗಿಂತ, ಏಟು ತಿಂದ ಪ್ಲೇಟು ವಾಪಸ್ ಚಿಮ್ಮೋದೇ ಗಾಡಿನ ಎತ್ತಿ ಹಾಕೋದು.

ಒಂದೇ ಶಾಕ್ಸ್, ಎರಡು ಗಾಡಿ

ಕೋಲಾರ ಮಾರ್ಕೆಟ್ ಲೆಕ್ಕದಲ್ಲೇ ಹೇಳ್ತೀನಿ. 15 ಕೆ.ಜಿ. ಕ್ರೇಟ್ 100 ಹಾಕಿದ್ರೆ ಹಣ್ಣೇ 1500 ಕೆ.ಜಿ. ಆಯ್ತು, ಕ್ರೇಟಿನ ತೂಕ ಬೇರೆ. ಈ ಭಾರದ ಹೆಚ್ಚು ಪಾಲು ಹಿಂದಿನ ಆಕ್ಸಲ್ ಮೇಲೆ ಕೂರುತ್ತೆ. ಖಾಲಿ ಇದ್ದಾಗ ಹಿಂದಿನ ಪ್ಲೇಟುಗಳ ಮೇಲೆ 500 ಕೆ.ಜಿ. ಇತ್ತು, ತುಂಬಿದಾಗ 2000 ಆಯ್ತು ಅಂತಿಟ್ಕೊಳ್ಳಿ. ಬೆಳಗ್ಗೆ ಮಾರ್ಕೆಟ್‌ಗೆ ಹೋದ ಗಾಡಿ ಒಂದು, ಹತ್ತು ಗಂಟೆಗೆ ವಾಪಸ್ ಬರೋ ಗಾಡಿ ಇನ್ನೊಂದು ಅನ್ನೋ ಅಷ್ಟು ವ್ಯತ್ಯಾಸ ಇದು. ಆದ್ರೆ ಪ್ಲೇಟು ಅದೇ, ಶಾಕ್ಸ್ ಅದೇ.

2000 ಕೆ.ಜಿ. ಹೊರೋಕೆ ಮಾಡಿದ ಪ್ಲೇಟಿಗೆ 500 ಕೆ.ಜಿ. ಲೆಕ್ಕಕ್ಕೇ ಇಲ್ಲ. ಅದು ಬಗ್ಗೋದೇ ಇಲ್ಲ, ರಸ್ತೆಯ ಏಟನ್ನ ನೇರವಾಗಿ ಚಾಸಿಗೆ ಕೊಡುತ್ತೆ. ಜೊತೆಗೆ ಪ್ಲೇಟು ಪ್ಲೇಟಿನ ನಡುವೆ ಉಜ್ಜಾಟ ಇದೆ. ಸಣ್ಣ ಗುಂಡಿಗೆ ಆ ಉಜ್ಜಾಟ ದಾಟಿ ಪ್ಲೇಟು ಅಲುಗಾಡೋದೂ ಇಲ್ಲ. ಪ್ಲೇಟೇ ಅಲುಗದಿದ್ರೆ ಶಾಕ್ಸ್‌ಗೆ ಕೆಲಸ ಎಲ್ಲಿ ಬಂತು? ಆ ಸಮಯದಲ್ಲಿ ನಿಮ್ಮನ್ನ ಎತ್ತಿ ಹಾಕ್ತಿರೋದು ಗಟ್ಟಿ ಪ್ಲೇಟು ಮತ್ತು ಗಟ್ಟಿ ಟೈರು. ಇಲ್ಲಿಗೆ ಇನ್ನೂ ಬಿಗಿ ಇರೋ "ಹೆವಿ ಡ್ಯೂಟಿ" ಶಾಕ್ಸ್ ತಂದು ಹಾಕಿಸಿದ್ರೆ ಕುಣಿತ ಕಡಿಮೆ ಆಗಲ್ಲ, ಏಟು ಜಾಸ್ತಿ ಆಗುತ್ತೆ.

ಈಗ ತುಂಬಿದ ಗಾಡಿ. ತೂಕ ನಾಲ್ಕು ಪಟ್ಟು ಆದ್ರೆ ಗಾಡಿ ಆಡೋ ವೇಗ ಅರ್ಧಕ್ಕೆ ಇಳಿಯುತ್ತೆ, ಅದಕ್ಕೇ ಲೋಡ್ ಗಾಡಿ ಮೆತ್ತಗೆ ಅನ್ಸೋದು. ಆದ್ರೆ ಅದೇ ಲೆಕ್ಕದಲ್ಲಿ ಶಾಕ್ಸ್‌ನ ಹಿಡಿತವೂ ಹೆಚ್ಚುಕಮ್ಮಿ ಅರ್ಧ ಆಗುತ್ತೆ. ಖಾಲಿ ಗಾಡಿಗೆ ಸಾಕಾಗಿ ಉಳಿಯುತ್ತಿದ್ದ ಶಾಕ್ಸ್, ಲೋಡ್ ಗಾಡಿಗೆ ಅಷ್ಟಕ್ಕಷ್ಟೇ. ಕಂಪನಿಯವರು ಈ ಎರಡರ ನಡುವೆ ಒಂದು ಕಡೆ ನಿಂತು ವಾಲ್ವ್ ಸೆಟ್ ಮಾಡಿರ್ತಾರೆ. ಖಾಲಿಗೆ ಸ್ವಲ್ಪ ಬಿಗಿ, ಪೂರ್ತಿ ಲೋಡಿಗೆ ಸ್ವಲ್ಪ ಸಡಿಲ. ಇದನ್ನ ಕಂಪನಿಯ ಕಳ್ಳಾಟ ಅಂತ ನಾನು ಹೇಳಲ್ಲ. ಒಂದೇ ಗಾಡಿಯಲ್ಲಿ ಎರಡೂ ಕೆಲಸ ಮಾಡಿಸ್ಬೇಕಂದ್ರೆ ಇದಕ್ಕಿಂತ ಬೇರೆ ದಾರಿ ಕಡಿಮೆ.

ಹಾಗಾಗಿ ಶಾಕ್ಸ್ ಸುಸ್ತಾದಾಗ ಮೊದಲು ಕೈ ಕೊಡೋದು ಲೋಡಿನಲ್ಲಿ. ಗುಂಡಿ ದಾಟಿದ ಮೇಲೂ ಹಿಂಭಾಗ ಎರಡು ಮೂರು ಸಲ ತೇಲಾಡಿದ್ರೆ, ತಿರುವಿನಲ್ಲಿ ವಾಲಿ ನಿಧಾನಕ್ಕೆ ಸರಿಯಾದ್ರೆ, ಬ್ರೇಕ್ ಹಾಕಿದಾಗ ಮೂತಿ ಮುಗ್ಗರಿಸಿದ್ರೆ, ಆಗ ಶಾಕ್ಸ್ ಕಡೆ ನೋಡಿ. ಟೈರು ಸುತ್ತಲೂ ಒಂದೇ ಸಮ ಸವೆಯದೆ ಅಲ್ಲಲ್ಲಿ ಕಚ್ಚಿ ತೆಗೆದ ಹಾಗೆ ತೇದಿದ್ರೂ ಅನುಮಾನ ಪಡಿ.

ಏಟು ಬೀಳೋದು ಮೇಲಿನ ಕ್ರೇಟಿಗೆ

ಡ್ರೈವರ್ ಸೊಂಟದ ಬಗ್ಗೆ ಎಲ್ರೂ ಮಾತಾಡ್ತಾರೆ, ಹಣ್ಣಿನ ಸೊಂಟದ ಬಗ್ಗೆ ಯಾರೂ ಕೇಳಲ್ಲ. ಲೋಡ್ ಗಾಡಿ ಸೆಕೆಂಡಿಗೆ 2ರಿಂದ 5 ಸಲ ಮೇಲೆ ಕೆಳಗೆ ಆಡುತ್ತೆ. ಆರೇಳು ಕ್ರೇಟ್ ಎತ್ತರ ಜೋಡಿಸಿದ್ರೆ ಆ ಆಟ ಕೆಳಗಿನಿಂದ ಮೇಲಕ್ಕೆ ಹೋಗ್ತಾ ಹೆಚ್ಚಾಗುತ್ತೆ. ತಳದ ಕ್ರೇಟಿನ ಹಣ್ಣು ಒತ್ತಡಕ್ಕೆ ಕೆಡುತ್ತೆ, ತುದಿಯ ಕ್ರೇಟಿನ ಹಣ್ಣು ಎಗರಿ ಬಿದ್ದು, ಉರುಳಿ, ಉಜ್ಜಿ ಕೆಡುತ್ತೆ. ಅದರಲ್ಲೂ ಹಿಂದಿನ ಚಕ್ರದಿಂದ ಆಚೆ, ಡಾಲಾ ಹತ್ತಿರ ಇರೋದಕ್ಕೆ ಏಟು ಜಾಸ್ತಿ. ಹರಾಜು ಕೂಗೋನ ಕೈ ಮೊದಲು ಹೋಗೋದೂ ಅಲ್ಲಿಗೇ, ಡಾಲಾ ಪಕ್ಕದ ಮೇಲಿನ ಕ್ರೇಟಿಗೆ!

ಅದಕ್ಕೇ ಅರ್ಧ ಲೋಡ್ ಇದ್ದ ದಿನ ಕ್ರೇಟುಗಳನ್ನ ಕ್ಯಾಬಿನ್ ಕಡೆಯಿಂದ ಹಿಂದಿನ ಆಕ್ಸಲ್‌ವರೆಗೆ ಜೋಡಿಸಿ, ಡಾಲಾ ಕಡೆ ಖಾಲಿ ಬಿಡಿ. ಎತ್ತರ ಕಡಿಮೆ ಮಾಡಿ. ಮೇಲಿನ ಸಾಲು ಅಲುಗದ ಹಾಗೆ ಹಗ್ಗ ಬಿಗಿಯಿರಿ. ಇದಕ್ಕೆ ಖರ್ಚಿಲ್ಲ.

ಪ್ಲೇಟ್ ಸೇರಿಸೋರಿಗೆ ಒಂದು ಮಾತು

ಲೋಡ್ ತಡೆಯಲಿ ಅಂತ ಎಕ್ಸ್‌ಟ್ರಾ ಪ್ಲೇಟ್ ಹಾಕಿಸೋದು ನಮ್ಮ ಕಡೆ ಗಾಡಿಗೆ ಪೂಜೆ ಮಾಡಿಸಿದಷ್ಟೇ ಸಹಜ ಆಗಿಬಿಟ್ಟಿದೆ. ಶಾಕ್ಸ್ ಮಾತ್ರ ಕಂಪನಿದೇ ಬಿಡ್ತಾರೆ. ಪ್ಲೇಟು ಗಟ್ಟಿಯಾದಷ್ಟು ಅದರ ಚಿಮ್ಮುವಿಕೆ ಜೋರಾಗುತ್ತೆ. ಮೊದಲಿನ ಪ್ಲೇಟಿನ ಲೆಕ್ಕಕ್ಕೆ ಮಾಡಿದ ಶಾಕ್ಸ್ ಅದನ್ನ ಹಿಡಿಯೋಕೆ ಒದ್ದಾಡುತ್ತೆ. ಕೆಟ್ಟ ರಸ್ತೆಯಲ್ಲಿ ಎಣ್ಣೆ ಬಿಸಿಯಾಗಿ ನೊರೆ ಬಂತು ಅಂದ್ರೆ ಹಿಡಿತ ಇನ್ನೂ ಕಡಿಮೆ. ಖಾಲಿ ಬರೋವಾಗಿನ ಕುಣಿತ ಡಬಲ್. ಆಮೇಲೆ ಬೈಸಿಕೊಳ್ಳೋದು ಕಂಪನಿ ಶಾಕ್ಸ್.

ಇದಕ್ಕಿಂತ ದೊಡ್ಡ ವಿಷಯ ಬ್ರೇಕ್. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಒಂದು ವಾಲ್ವ್ ಇರುತ್ತೆ, ಮೆಕ್ಯಾನಿಕ್‌ಗಳು ಎಲ್‌ಎಸ್‌ಪಿವಿ ಅಂತಾರೆ. ಅದಕ್ಕೆ ಲೋಡ್ ಎಷ್ಟಿದೆ ಅಂತ ಗೊತ್ತಾಗೋದು ಚಾಸಿ ಎಷ್ಟು ಕೆಳಗೆ ಕೂತಿದೆ ಅನ್ನೋದರಿಂದ. ಚಾಸಿ ಮೇಲಿದ್ರೆ ಖಾಲಿ ಅಂದ್ಕೊಂಡು, ಚಕ್ರ ಲಾಕ್ ಆಗದಿರಲಿ ಅಂತ ಹಿಂದಿನ ಬ್ರೇಕ್ ಒತ್ತಡ ಕಡಿಮೆ ಮಾಡುತ್ತೆ. ಪ್ಲೇಟ್ ಸೇರಿಸಿದ ಗಾಡಿ ಲೋಡ್ ಹಾಕಿದ್ರೂ ಕೂರಲ್ಲ. ವಾಲ್ವ್ ಮೋಸ ಹೋಗುತ್ತೆ. ಒಂದೂವರೆ ಟನ್ ಹೊತ್ತ ಗಾಡಿಗೆ ಖಾಲಿ ಗಾಡಿಯ ಹಿಂದಿನ ಬ್ರೇಕ್ ಸಿಗುತ್ತೆ. ಪ್ಲೇಟ್ ಆಗಲೇ ಹಾಕಿಸಿದ್ರೆ, ಈ ವಾಲ್ವನ್ನ ಸರ್ವಿಸ್ ಸೆಂಟರ್‌ನಲ್ಲಿ ತೋರಿಸಿ, ಈ ವಾರವೇ.

ಫೋನ್ ಇಟ್ಟು ನೋಡಿ

ಕಾರಿನ ಹಾಗೆ ಮೂಲೆ ಒತ್ತಿ ಬಿಟ್ಟು ನೋಡೋ ಪರೀಕ್ಷೆ ಪಿಕಪ್‌ಗೆ ನಡೆಯಲ್ಲ, ಕೈಯಿಂದ ಒತ್ತಿದ್ರೆ ಪ್ಲೇಟು ಬಗ್ಗಲ್ಲ. ನಾನು ಮಾಡೋದು ಬೇರೆ. ಲೋಡ್ ಇದ್ದಾಗ ಗೆಳೆಯನಿಗೆ ನಿಧಾನಕ್ಕೆ ಹಂಪ್ ಹತ್ತಿಸೋಕೆ ಹೇಳಿ, ದೂರದಲ್ಲಿ ಪಕ್ಕಕ್ಕೆ ನಿಂತು ಹಿಂದಿನ ಭಾಗದ ಸ್ಲೋ ಮೋಷನ್ ವಿಡಿಯೋ ಮಾಡ್ತೀನಿ. ಹಂಪ್ ಇಳಿದ ಮೇಲೆ ಒಂದು ಸಲ ಎದ್ದು ಕೂತ್ರೆ ಸರಿ. ಲೆಕ್ಕ ಮೂರಕ್ಕೆ ಹೋದ್ರೆ ಶಾಕ್ಸ್ ಮುಗಿದಿದೆ.

ಇನ್ನೊಂದು, ಫೈಫಾಕ್ಸ್ ಅನ್ನೋ ಉಚಿತ ಆ್ಯಪ್ ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು. ಅದರಲ್ಲಿ "ಆಕ್ಸೆಲರೇಶನ್ ವಿತೌಟ್ ಜಿ" ತೆಗೆದು, ಟೈಮ್ಡ್ ರನ್ ಹಾಕಿ, ಫೋನನ್ನ ಪರದೆ ಮೇಲ್ಮುಖವಾಗಿ ಟ್ರಾಲಿ ತಳಕ್ಕೆ ಟೇಪಿನಿಂದ ಬಿಗಿಯಾಗಿ ಅಂಟಿಸಿ. ಝಡ್ ಗೆರೆ ಮೈನಸ್ 9.8ಕ್ಕಿಂತ ಕೆಳಗೆ ಹೋದ ಕಡೆಯೆಲ್ಲ, ಅಲ್ಲಿದ್ದ ಕಟ್ಟದ ಸಾಮಾನು ಕ್ಷಣಕಾಲ ಗಾಳಿಯಲ್ಲಿತ್ತು ಅಂತ ಅರ್ಥ. ಒಂದೇ ರಸ್ತೆ, ಒಂದೇ ವೇಗ, ಒಂದೇ ಲೋಡ್ ಇಟ್ಟು, ಟೈರ್ ಗಾಳಿ ಬದಲಾಯಿಸೋ ಮುಂಚೆ ಒಂದು ಸಲ, ಆದಮೇಲೆ ಒಂದು ಸಲ ನೋಡಿ. ಯಾರ ಮಾತನ್ನೂ ನಂಬೋ ಅವಶ್ಯಕತೆ ಇರಲ್ಲ, ನನ್ನದೂ ಸೇರಿ.

ಗಾಳಿ ಅಂದೆನಲ್ಲ, ಮೊದಲು ಅದನ್ನೇ ನೋಡಿ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರಲ್ಲೋ ಮ್ಯಾನ್ಯುಯಲ್‌ನಲ್ಲೋ ಎಷ್ಟು ಪೌಂಡ್ ಅಂತ ಬರೆದಿರುತ್ತೆ. ಎಷ್ಟೋ ಗಾಡಿಗಳಿಗೆ ಖಾಲಿಗೆ ಬೇರೆ, ಲೋಡಿಗೆ ಬೇರೆ ಇರುತ್ತೆ. ಪಂಕ್ಚರ್ ಅಂಗಡಿಯವನು ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಗಟ್ಟಿ ಹೊಡೆದು ಕಳಿಸಿರ್ತಾನೆ. ಟೈರ್ ತಣ್ಣಗಿದ್ದಾಗ ಅಳೆಸಿ. ಬರೆದಿರೋದಕ್ಕಿಂತ ಕಡಿಮೆ ಮಾತ್ರ ಮಾಡ್ಬೇಡಿ, ಲೋಡಿನಲ್ಲಿ ಟೈರು ಕಾದು ಸಿಡಿಯುತ್ತೆ.

ಆಮೇಲೆ ಶಾಕ್ಸ್ ಮೈ ನೋಡಿ. ತೆಳ್ಳಗೆ ಎಣ್ಣೆ ಪಸೆ ಇದ್ರೆ ಚಿಂತೆ ಇಲ್ಲ. ಒದ್ದೆಯಾಗಿ ಧೂಳು ಮೆತ್ತಿಕೊಂಡಿದ್ರೆ ಸೀಲ್ ಹೋಗಿದೆ. ಹತ್ತು ಹದಿನೈದು ಕಿಲೋಮೀಟರ್ ಕೆಟ್ಟ ರಸ್ತೆ ಓಡಿಸಿ, ಸಮತಟ್ಟು ಜಾಗದಲ್ಲಿ ಇಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಸೈಲೆನ್ಸರ್‌ಗೆ ತಾಗದ ಹಾಗೆ ಕೈ ಹಿಂಭಾಗದಿಂದ ಮುಟ್ಟಿ ನೋಡಿ. ಕೆಲಸ ಮಾಡಿದ ಶಾಕ್ಸ್ ಬೆಚ್ಚಗಿರುತ್ತೆ. ಜೊತೆಯದು ಬೆಚ್ಚಗಿದ್ದು ಒಂದು ಮಾತ್ರ ತಣ್ಣಗಿದ್ರೆ ಅದು ಸುಮ್ಮನೆ ಕೂತು ಬಂದಿದೆ. ರಬ್ಬರ್ ಬುಷ್ ಹರಿದು ಬರೀ ಟಕಟಕ ಸದ್ದು ಬರ್ತಿದ್ರೆ ಬುಷ್ ಹಾಕಿಸಿದ್ರೂ ಸಾಕಾಗಬಹುದು.

ಬದಲಾಯಿಸಲೇಬೇಕು ಅಂದ್ರೆ ಒಂದೇ ಆಕ್ಸಲ್‌ನ ಎರಡನ್ನೂ ಒಟ್ಟಿಗೆ ಬದಲಾಯಿಸಿ. ಗೇಬ್ರಿಯಲ್‌ನಂಥವರು ಗಾಡಿ ಕಂಪನಿಗಳಿಗೂ ಮಾಡಿಕೊಡ್ತಾರೆ, ಅಂಗಡಿಗೂ ಬಿಡ್ತಾರೆ. ಆದ್ರೆ ಬ್ರ್ಯಾಂಡ್ ಹೆಸರಿಗಿಂತ ನಿಮ್ಮ ಮಾಡೆಲ್‌ನ ಪಾರ್ಟ್ ನಂಬರ್ ಮುಖ್ಯ. ಬೊಲೆರೊ ಪಿಕಪ್ ಒಂದರಲ್ಲೇ 1.3 ಟನ್, 1.7 ಟನ್ ಅಂತ ಬೇರೆ ಬೇರೆ ಇವೆ. ಹೊಸ ಶಾಕ್ಸನ್ನ ನೇರ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದು ಆಮೇಲೆ ಕೂರಿಸಬೇಕು, ಮಲಗಿಸಿಟ್ಟಾಗ ಒಳಗೆ ಸೇರಿದ ಗಾಳಿ ಹೋಗುತ್ತೆ. ಬುಷ್ ಬೋಲ್ಟನ್ನ ಜಾಕ್ ಮೇಲೆ ಚಕ್ರ ನೇತಾಡ್ತಿರೋವಾಗ ಕೊನೇ ಬಿಗಿ ಬಿಗಿಯೋಕೆ ಬಿಡ್ಬೇಡಿ. ಚಕ್ರ ನೆಲಕ್ಕೆ ಕೂತಮೇಲೆ ಬಿಗಿಯಬೇಕು, ಇಲ್ಲದಿದ್ರೆ ರಬ್ಬರ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತೆ. ಪಕ್ಕದಲ್ಲಿ ನಿಂತು ನೋಡಿ, ಬೇಕಾದ್ರೆ ಅದನ್ನೂ ವಿಡಿಯೋ ಮಾಡ್ಕೊಳ್ಳಿ.